ಜಾಮೀನಿಗೊಂದು ಮನೆ

ಸೋಮವಾರ ಹಾಕಿದ ಲೆಕ್ಕ ಗುರುವಾರದೊಳಗೆ ಹಳಸಿಹೋಗುತ್ತಿತ್ತು. ಮಿಸಿಯೋನೆಸ್ ಪ್ರಾಂತದ ಪೊಸಾದಾಸ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಆರು ವರ್ಷದಿಂದ ಸೌಟು ಹಿಡಿದಿದ್ದ ದೆಲ್ಫಿನಾಳಿಗೆ ಹಳಸುವುದೆಂದರೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಳಸಿದ ಅಡುಗೆಯಾದರೆ ಚೆಲ್ಲಿ ಪಾತ್ರೆ ತೊಳೆದಿಡಬಹುದು. ಈ ಲೆಕ್ಕವನ್ನು ಚೆಲ್ಲುವ ಹಾಗಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಹಾಕಬೇಕು: ಲಾರಿಗೆ ಇಷ್ಟು, ಬಸ್ಸಿಗೆ ಇಷ್ಟು, ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸು, ಬ್ರೋಕರಿನ ಕಮಿಷನ್ನು, ಸಂಬಳ ಕೈಗೆ ಬರುವವರೆಗೆ ಹೊಟ್ಟೆಪಾಡಿಗೆ ಇಷ್ಟು. ದಿನದಿನಕ್ಕೆ ಬೆಲೆ ಕಳೆದುಕೊಳ್ಳುವ ನಮ್ಮ ಪೆಸೊ ದುಡ್ಡು ನಂಬಿಕೊಂಡು ಬಜೆಟ್ ಹಾಕುವವರ ಪಾಡು ದೇವರಿಗೇ ಪ್ರೀತಿ.

ಆದರೂ ಹಾಕಲೇಬೇಕಿತ್ತು. ರಾಜಧಾನಿ ಬ್ಯೂನಸ್ ಐರಿಸ್‌ನ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಕಾಯಂ ಕೆಲಸ. ಆ ಮಾತನ್ನು ಅವಳು ಯಾರಿಗೂ ಕೇಳಿಸದ ಹಾಗೆ ಎಷ್ಟು ಸಲ ಹೇಳಿಕೊಂಡಿದ್ದಳೋ. ಶಾಲೆಯಲ್ಲಿ ಅವಳದು ಹಂಗಾಮಿ ನೌಕರಿ. ಪ್ರತಿ ಡಿಸೆಂಬರಿಗೆ ಮುಗಿಯುತ್ತಿತ್ತು, ನಮ್ಮಲ್ಲಿ ಆಗ ಶುರುವಾಗುವ ಬೇಸಿಗೆ ರಜೆಯುದ್ದಕ್ಕೂ ಫೋನ್ ಯಾವಾಗ ಬಡಿದುಕೊಳ್ಳುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕೂತಿರಬೇಕು. ಮಾರ್ಚ್ ಮೊದಲ ವಾರದಲ್ಲಿ ಆಸ್ಪತ್ರೆಗೆ ಹೋಗಿ ಹಾಜರಾದರೆ ಆ ಕಾಟ ಜನ್ಮಕ್ಕೆ ತಪ್ಪಿತು. ಹಾಜರಾಗದಿದ್ದರೆ ಪಟ್ಟಿಯಲ್ಲಿ ಅವಳ ಹಿಂದಿರುವವಳಿಗೆ ಹೋಗುತ್ತದೆ. ನಲವತ್ತು ದಾಟಿದವಳನ್ನು ಇನ್ನೊಂದು ಸಲ ಯಾರೂ ಕರೆಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳ ಗಂಡ ಎಲಾದಿಯೊ ಸೈಕಲ್ ರಿಪೇರಿಯವನು. ಕೈಯಲ್ಲಿ ಕಸುಬಿದೆ, ಬಾಯಲ್ಲಿ ಸಕ್ಕರೆಯಿದೆ, ತಲೆಯಲ್ಲಿ ಚಿಂತೆಯೆಂಬುದು ಮಾತ್ರ ಇಲ್ಲ.

"ಎಷ್ಟು ಸಲ ಕೂಡ್ತೀಯ ಅದನ್ನ? ಕೂಡಿ ಕೂಡಿ ಅಂಕಿಗಳಿಗೇ ಸುಸ್ತಾಗಿದೆ," ಎಂದು ತಣ್ಣೀರಲ್ಲಿ ಸೊಪ್ಪು ನೆನೆಸಿದ ತೆರೆರೆ ಪಾನಕದ ಲೋಟ ಅವಳ ಮುಂದೆ ಹಿಡಿಯುತ್ತಿದ್ದ.

"ಲಾರಿಯವನು ಮತ್ತೆ ಏರಿಸಿದಾನೆ."

"ಬೊಗಾಡೊ ಬಾಯಿ ಏರಿಸ್ತಾನೆ, ರೇಟ್ ಏರಿಸಲ್ಲ. ನಾನು ಮಾತಾಡ್ತೀನಿ ಬಿಡು."

ಲಾರಿ ಅವನು ಮಾತಾಡಿದ್ದರಿಂದಲೇ ಕುದುರಿದ್ದೂ ಹೌದು. ಬೊಗಾಡೊ ಚಹಾಸೊಪ್ಪಿನಂಥ ನಮ್ಮ ಯೆರ್ಬಾ ಮೂಟೆಗಳನ್ನು ರಾಜಧಾನಿಗೆ ಸಾಗಿಸುವವನು. ಮೂಟೆಗಳ ಮೇಲೆ ಮಂಚ, ಹಾಸಿಗೆ, ಪಾತ್ರೆ, ಎಲಾದಿಯೊನ ಸ್ಪ್ಯಾನರ್ ಪೆಟ್ಟಿಗೆ ಇಷ್ಟು ಹೇರಿಕೊಳ್ಳುತ್ತೇನೆ, ಫ್ರಿಜ್ಜು ಬೀರು ಆಗುವುದಿಲ್ಲ ಎಂದಿದ್ದ. ಫ್ರಿಜ್ಜು ಮಾರಿದರು. ಬೀರು ಮಾರಿದರು. ಇದ್ದ ಬಾಡಿಗೆ ಮನೆಯ ಮಾಲೀಕನಿಗೆ ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದು ಹೇಳಿಯೂ ಆಯಿತು. ಫೆಬ್ರವರಿಯ ಸುಡುಬಿಸಿಲಲ್ಲಿ ಫ್ರಿಜ್ಜಿಲ್ಲದ ಮನೆಯಲ್ಲಿ ಹಾಲು ಒಡೆಯುವುದನ್ನು ನೋಡುತ್ತಾ ಕೂತಾಗ ದೆಲ್ಫಿನಾ ಮತ್ತೊಮ್ಮೆ ಲೆಕ್ಕದ ಹಾಳೆ ಎತ್ತಿಕೊಳ್ಳುತ್ತಿದ್ದಳು.

ಮನೆಯೂ ಸಿಕ್ಕಿತ್ತು. ಆಸ್ಪತ್ರೆಯಿಂದ ಒಂದೇ ಬಸ್ಸು, ಒಂದು ಕೋಣೆ, ಬಚ್ಚಲು, ಬೆಂಕಿಪೊಟ್ಟಣದಷ್ಟು ಅಡುಗೆಮನೆ. ಬಾಡಿಗೆ ಕೇಳಿದರೆ ಕಣ್ಣಿಗೆ ಕತ್ತಲೆ ಬರುವಂತಿದ್ದರೂ ಎಳೆದಾಡಿದರೆ ಲೆಕ್ಕಕ್ಕೆ ಹೊಂದುತ್ತಿತ್ತು. ಬ್ರೋಕರ್ ಕೇಳಿದ್ದು ಇನ್ನೊಂದೇ: ಜಾಮೀನಿಗೆ ಸ್ವಂತ ಮನೆಯಿರುವ ಒಬ್ಬರು. ಬಾಡಿಗೆ ಕಟ್ಟದೆ ನೀವು ಓಡಿಹೋದರೆ ನಾವು ಅವರ ಮನೆಯ ಬಾಗಿಲಿಗೆ ಹೋಗುತ್ತೇವೆ ಎಂಬುದು ಅದರ ಅರ್ಥ. ಅದಕ್ಕೆ ದೆಲ್ಫಿನಾ ತಲೆ ಕೆಡಿಸಿಕೊಂಡಿರಲಿಲ್ಲ. ಪಕ್ಕದ ಊರು ಗರುಪಾದಲ್ಲಿ ಅವಳ ತಾಯಿ ಸುಲ್ಮಾಳಿಗೆ ಸ್ವಂತ ಮನೆಯಿತ್ತು. ಇಟ್ಟಿಗೆಯ ಮನೆ, ತಗಡಿನ ಸೂರು, ಹಿತ್ತಲಲ್ಲಿ ಮಾವಿನ ಮರ, ಎಲ್ಲಕ್ಕೂ ಪಕ್ಕಾ ಕಾಗದಪತ್ರ. ಮಗಳಿಗೆ ಜಾಮೀನು ಬೇಕು ಅಂದದ್ದೇ ತಡ, ಮುದುಕಿ ಆ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಬಂದು ಕೊಟ್ಟಿದ್ದಳು.

ಆ ಸೋಮವಾರ ಬ್ರೋಕರ್ ಫೋನ್ ಮಾಡಿದ.

"ಮೇಡಂ, ನೀವು ಕಳಿಸಿದ ಕಾಗದ ನೋಡ್ದೆ. ಇದು ಮಿಸಿಯೋನೆಸ್ ಪ್ರಾಂತದ ಮನೆ."

"ಹೌದು. ಪಕ್ಕಾ ಇದೆ ಕಾಗದ. ಒಂದು ಪೈಸೆ ಸಾಲ ಇಲ್ಲ ಅದರ ಮೇಲೆ."

"ಅದು ಸರಿ. ಆದ್ರೆ ನಮಗೆ ರಾಜಧಾನಿಯೊಳಗಿರೋ ಮನೇನೇ ಆಗ್ಬೇಕು. ಊರಾಚೆದು ನಡೆಯಲ್ಲ. ಶುಕ್ರವಾರದ ತನಕ ಇಟ್ಕೊಂಡಿರ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ಮನೆಯೆಂದರೆ ಮನೆ, ಎಲ್ಲಿದ್ದರೇನು ಎಂದುಕೊಂಡು ಅರ್ಧ ಸಂಸಾರ ಮಾರಿ ಕೂತಿರುತ್ತಾರೆ. ರಾಜಧಾನಿಯ ಮಾಲೀಕರಿಗೆ ನಮ್ಮ ಕೆಂಪು ಮಣ್ಣಿನ ಮೇಲೆ ನಿಂತದ್ದು ಮನೆಯಾಗಿ ಕಾಣುವುದೇ ಇಲ್ಲ. ಜಾಮೀನು ಬರೆದುಕೊಡುವ ಕಂಪನಿಗಳೂ ಇವೆ. ದೆಲ್ಫಿನಾ ಅಲ್ಲಿಗೂ ಫೋನ್ ಮಾಡಿದಳು. ಅವರು ಕಾಯಂ ಸಂಬಳದ ಚೀಟಿ ಕೇಳಿದರು. ಕಾಯಂ ಸಂಬಳ ಬರಬೇಕಾದರೆ ಆ ಊರಿಗೆ ಹೋಗಿ ಇರಬೇಕು, ಇರಬೇಕಾದರೆ ಮನೆ ಬೇಕು. ದಿನದ ಬಾಡಿಗೆಯ ಕೋಣೆಗಳಿಗೆ ಜಾಮೀನು ಬೇಡವಾದರೂ ಅವುಗಳ ರೇಟು ಸಂಬಳವನ್ನೇ ನುಂಗಿಬಿಡುವಂತಿತ್ತು.

ಸುಲ್ಮಾಳಿಗೆ ವಿಷಯ ತಿಳಿಸಿದಾಗ ಅವಳು ಕಾಗದದ ಚೀಲ ಕಿತ್ತುಕೊಂಡಳು.

"ನನ್ನ ಮನೆ ಮನೆಯಲ್ವಂತಾ? ಗೋಡೆ ಇಲ್ವಾ, ಸೂರಿಲ್ವಾ? ಮೂವರು ಮಕ್ಕಳನ್ನ ಬಯಲಲ್ಲಿ ಹೆತ್ನಾ ನಾನು?"

"ಅಮ್ಮಾ, ಅವರ ನಿಯಮ ಹಾಗಿದೆ."

"ನಿಯಮವಂತೆ. ಆ ಗೂಡಿಗೆ ಹೋಗಿ ಸಾಯೋಕೆ ನಿನಗೆ ಯಾಕೆ ಇಷ್ಟು ಆತುರ ಕಣೇ? ಇಲ್ಲೇ ಇರು. ಮಾವಿನ ಹಣ್ಣಾದ್ರೂ ಸಿಗುತ್ತೆ," ಎಂದ ಮುದುಕಿ, ಸ್ವಲ್ಪ ಹೊತ್ತಿಗೆ ತಾನೇ ಮೆತ್ತಗಾಗಿ ಕೇಳಿದಳು, "ಆ ನಿನ್ನ ಗಂಡನ ಅಕ್ಕ ಇದಾಳಲ್ಲ ಅಲ್ಲಿ. ಅವಳದು ಸ್ವಂತದ್ದಲ್ವಾ?"

ಸ್ವಂತದ್ದೇ. ಎಲಾದಿಯೊನ ಅಕ್ಕ ಓತಿಲಿಯಾ ಹುಡುಗಿಯಾಗಿದ್ದಾಗಲೇ ರಾಜಧಾನಿಗೆ ಹೋಗಿ, ಮಂದಿಯ ಮನೆಗಳಲ್ಲಿ ನೆಲ ಒರೆಸಿ, ಮದುವೆಯನ್ನೂ ಆಗದೆ, ಹಳೆಯ ಕಟ್ಟಡವೊಂದರಲ್ಲಿ ಒಂದೂವರೆ ಕೋಣೆಯ ಮನೆ ಮಾಡಿಕೊಂಡಿದ್ದಳು. ದೆಲ್ಫಿನಾ ಅವಳನ್ನು ನೋಡಿದ್ದು ಅತ್ತೆಯ ಮಣ್ಣಿಗೆ ಬಂದಾಗ ಒಂದೇ ಸಲ. ಅವತ್ತು ಓತಿಲಿಯಾ ತಮ್ಮನ ಪಕ್ಕ ಕೂರಲಿಲ್ಲ. ದುಃಖದಲ್ಲಿದ್ದಾಳೆ ಎಂದುಕೊಂಡಿದ್ದಳು ದೆಲ್ಫಿನಾ.

"ಅಕ್ಕನ್ನ ಕೇಳ್ತೀಯಾ?" ಎಂದಳು ಗಂಡನಿಗೆ.

"ಕೇಳ್ತೀನಿ ಬಿಡು. ನನ್ನ ಅಕ್ಕ ಅಲ್ವಾ?"

ಮಂಗಳವಾರ ಕೇಳಿದ್ದಕ್ಕೆ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ ಎಂದ. ಬುಧವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿರುತ್ತಾಳೆ ಎಂದ. ಮಧ್ಯಾಹ್ನ ಅವಳು ನಿದ್ದೆ ಮಾಡುವ ಹೊತ್ತು ಎಂದ. ಅಷ್ಟರಲ್ಲಿ ಬೊಗಾಡೊ ಶನಿವಾರ ಲಾರಿ ಹೊರಡುತ್ತದೆಂದು ಹೇಳಿ ಮುಂಗಡ ಇಸಿದುಕೊಂಡು ಹೋದ. ದೆಲ್ಫಿನಾ ಊಟ ನಿದ್ದೆ ಬಿಟ್ಟಳು. ಮರಗೆಣಸಿನ ಹಿಟ್ಟು ಕಲಸಿ ಬಾಣಲೆಗೆ ಹಾಕಿದವಳು ಅದನ್ನು ಮಗುಚುವುದನ್ನೇ ಮರೆತು ಕರಕಲು ಮಾಡಿದಳು. ಆರು ವರ್ಷದಲ್ಲಿ ಒಂದು ದಿನ ತಳ ಹತ್ತಿಸಿದವಳಲ್ಲ.

ಗುರುವಾರ ಎಲಾದಿಯೊ ಹಿತ್ತಲಲ್ಲಿ ಮಂಚ ಬಿಚ್ಚುತ್ತಿದ್ದಾಗ ಅವಳು ಅವನ ಫೋನಿನಿಂದ ನಂಬರ್ ಬರೆದುಕೊಂಡು ತಾನೇ ಮಾಡಿದಳು. ಎರಡನೆಯ ರಿಂಗಿಗೇ ಎತ್ತಿದರು.

"ಓತಿಲಿಯಾ ಅತ್ತಿಗೆ, ನಾನು ದೆಲ್ಫಿನಾ. ಎಲಾದಿಯೊ ಹೆಂಡ್ತಿ."

"ಯಾರು ಹೋಗ್ಬಿಟ್ರು?"

"ಯಾರೂ ಹೋಗಿಲ್ಲ ಅತ್ತಿಗೆ. ಎಲ್ರೂ ಚೆನ್ನಾಗಿದೀವಿ. ಅವನು ಈ ವಾರ ನಿಮಗೆ ಫೋನ್ ಮಾಡ್ತಾ ಇದ್ದ, ನೀವು ಸಿಗ್ಲಿಲ್ಲ..."

"ಅವನು ನನಗೆ ಫೋನ್ ಮಾಡದೆ ವರ್ಷಗಳೇ ಆದ್ವು ಕಣಮ್ಮ. ನೀನ್ಯಾಕೆ ಮಾಡಿದೆ ಅದನ್ನ ಹೇಳು."

ದೆಲ್ಫಿನಾ ಎಲ್ಲವನ್ನೂ ಹೇಳಿದಳು. ಆಸ್ಪತ್ರೆ, ಕಾಯಂ ಕೆಲಸ, ತಾಯಿಯ ಮನೆ, ಬ್ರೋಕರ್, ನಾಳೆ ಕೊನೆಯ ದಿನ. ಹೇಳಿ ಮುಗಿಸಿದ ಮೇಲೆ ಓತಿಲಿಯಾ ಕೇಳಿದಳು:

"ಅವನು ಇಲ್ಲಿಂದ ಯಾಕೆ ವಾಪಸ್ ಹೋದ ಅಂತ ಹೇಳಿದಾನೆ ನಿನಗೆ?"

"ಮದುವೆಗೆ ಮುಂಚಿನ ಮಾತು. ಆ ಊರಿನ ನೀರು ಹಿಡಿಸಲಿಲ್ಲ ಅಂದ."

"ನೀರು ಹಿಡಿಸ್ಲಿಲ್ವಂತಾ." ಓತಿಲಿಯಾ ನಕ್ಕಳು, ನಗುವಿನಲ್ಲಿ ನಗು ಇರಲಿಲ್ಲ. "ಸೈಕಲ್ ಅಂಗಡಿ ಇಡ್ತೀನಿ ಅಂದ, ನಾನು ಈ ಮನೆ ಜಾಮೀನು ಕೊಟ್ಟೆ. ಎಂಟು ತಿಂಗಳು ಬಾಡಿಗೆ ಕಟ್ಲಿಲ್ಲ. ಒಂದಿನ ಬಾಗಿಲು ಎಳ್ಕೊಂಡು ಊರಿಗೆ ಬಸ್ ಹತ್ತಿದ. ನನ್ನ ಬಾಗಿಲಿಗೆ ನೋಟಿಸ್ ಅಂಟಿಸಿದ್ರು. ಹಗಲೆಲ್ಲಾ ನೆಲ ಒರೆಸಿ ಸಂಜೆ ಮಂದಿ ಬಟ್ಟೆ ಇಸ್ತ್ರಿ ಮಾಡಿ ತೀರಿಸ್ದೆ. ನನ್ನ ಬಲಗೈ ಇವತ್ತಿಗೂ ಮೇಲಕ್ಕೆ ಎತ್ತಕ್ಕಾಗಲ್ಲ. ಒಂದು ಸಲ ತಪ್ಪಾಯ್ತು ಅಕ್ಕ ಅಂದಿದ್ರೆ ಸಾಕಿತ್ತು ನನಗೆ. ಅದೂ ಇಲ್ಲ."

ಹಿತ್ತಲಿನಿಂದ ಎಲಾದಿಯೊನ ಶಿಳ್ಳೆ ಕೇಳುತ್ತಿತ್ತು. ಕೆಲಸ ಮಾಡುವಾಗ ಅವನು ಶಿಳ್ಳೆ ಹಾಕುವುದು ಅವಳಿಗೆ ಮೊದಲಿನಿಂದಲೂ ಇಷ್ಟ.

"ಒಂದು ಮಾತು ಕೇಳ್ತೀನಿ," ಎಂದಳು ಓತಿಲಿಯಾ. "ಇದು ನಿನ್ನ ಮನೆ ಅಂತಿಟ್ಕೋ. ಜೀವ ತೇದು ಮಾಡಿದ್ದು. ಇದು ಬಿಟ್ರೆ ನಿನಗೆ ಬೇರೆ ಏನೂ ಇಲ್ಲ. ಅವನು ಬಂದು ಜಾಮೀನು ಕೇಳ್ತಾನೆ. ನೀನು ಸಹಿ ಹಾಕ್ತೀಯಾ?"

ಹಾಕುತ್ತೇನೆ ಎನ್ನಬೇಕಿತ್ತು. ಹದಿನಾಲ್ಕು ವರ್ಷ ಒಂದೇ ಮಂಚದಲ್ಲಿ ಮಲಗಿದ ಗಂಡ. ಜ್ವರ ಬಂದಾಗ ತಲೆಗೆ ಒದ್ದೆ ಬಟ್ಟೆ ಹಾಕಿ ಕೂತವನು. ಆ ಒಂದು ಮಾತಿನ ಮೇಲೆಯೇ ತನ್ನ ಕೆಲಸ ನಿಂತಿದೆ ಎಂದೂ ಅವಳಿಗೆ ಅನ್ನಿಸಿತು. ಹೇಳಿಬಿಡಲು ಬಾಯಿ ತೆರೆದಳು. ಅಷ್ಟರಲ್ಲಿ, ರಿಂಗ್ ಆಗುತ್ತಿದೆ ಎತ್ತುತ್ತಿಲ್ಲ ಎಂದು ಅವಳ ಕಣ್ಣನ್ನೇ ನೋಡಿಕೊಂಡು ಅವನು ಹೇಳಿದ್ದು ನೆನಪಿಗೆ ಬಂತು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ಇದೀಯಾ ಲೈನಲ್ಲಿ?"

"ಇದೀನಿ ಅತ್ತಿಗೆ."

"ಸಾಕು ಬಿಡು. ಗೊತ್ತಾಯ್ತು."

ಮುಗಿಯಿತು ಎಂದುಕೊಂಡಳು ದೆಲ್ಫಿನಾ. ಕೆಲಸವೂ ಹೋಯಿತು, ಮನೆಯೂ ಹೋಯಿತು, ಇರುವ ಮನೆಯನ್ನೂ ಬಿಟ್ಟಾಯಿತು. ಅವಳ ಕಣ್ಣು ತುಂಬಿ ಬಂತು.

"ಆ ಬ್ರೋಕರ್ ಆಫೀಸ್ ಎಲ್ಲಿ? ನಾಳೆ ಎಷ್ಟು ಗಂಟೆಗೆ ಹೋಗ್ಬೇಕು ನಾನು?" ಎಂದಳು ಓತಿಲಿಯಾ.

"ಅತ್ತಿಗೆ?"

"ಹಾಕ್ತೀನಿ ಅಂತ ನೀನು ತಟಕ್ಕನೆ ಹೇಳಿದ್ರೆ ಫೋನ್ ಇಟ್ಬಿಡ್ತಿದ್ದೆ. ಅವತ್ತು ನಾನೂ ತಟಕ್ಕನೆ ಹೇಳಿದ್ದೆ ನೋಡು. ಕರಾರು ನಿನ್ನ ಹೆಸರಲ್ಲಿ ಇರ್ಬೇಕು, ನಿನ್ನೊಬ್ಬಳ ಹೆಸರಲ್ಲಿ. ಅವನ ಹೆಸರು ಕಂಡ್ರೆ ಪೆನ್ನು ಮುಟ್ಟಲ್ಲ. ವಿಳಾಸ ಹೇಳು, ಬರ್ಕೋತೀನಿ."

ಫೋನ್ ಇಟ್ಟ ಮೇಲೆ ದೆಲ್ಫಿನಾ ಮುಖ ತೊಳೆದುಕೊಂಡು ಹಿತ್ತಲಿಗೆ ಹೋದಳು. ಎಲಾದಿಯೊ ಮಂಚದ ಪಟ್ಟಿಗಳನ್ನು ಜೋಡಿಸಿಕೊಂಡು ಕೂತಿದ್ದ.

"ನಿನ್ನ ಅಕ್ಕನ ಹತ್ರ ಮಾತಾಡ್ದೆ. ನಾಳೆ ಹೋಗಿ ಸಹಿ ಹಾಕ್ತಾರಂತೆ."

ಅವನ ಮುಖ ಒಂದು ಕ್ಷಣ ಬಿಳಿಚಿತು, ಆಮೇಲೆ ಅರಳಿತು. "ನಾ ಹೇಳ್ಲಿಲ್ವಾ? ಸುಮ್ನೆ ಊಟ ನಿದ್ದೆ ಬಿಟ್ಟು ಕೂತಿದ್ದೆ. ಅಕ್ಕ ಅಂದ್ರೆ ಅಕ್ಕಾನೇ."

"ಕರಾರು ನನ್ನ ಹೆಸರಲ್ಲಿ. ನನ್ನೊಬ್ಬಳದೇ."

ಅವನು ತಲೆ ತಗ್ಗಿಸಿ ಹಗ್ಗದ ಗಂಟು ನೋಡತೊಡಗಿದ.

"ಏನೇನು ಹೇಳಿದ್ಲು?"

"ಎಲ್ಲಾ ಹೇಳಿದ್ರು."

ಅವನು ಆ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಆಮೇಲೆ ತಲೆಯೆತ್ತದೆಯೇ ಕೇಳಿದ.

"ನೀನೇನಂದೆ?"

"ನಾನೇನೂ ಅನ್ನಲಿಲ್ಲ," ಎಂದಳು ದೆಲ್ಫಿನಾ.

ಅವನು ನಿಟ್ಟುಸಿರು ಬಿಟ್ಟ. ಹೆಂಡತಿ ತನ್ನ ಮಾನ ಕಾಪಾಡಿದಳೆಂದು ಅವನಿಗೆ ಅನ್ನಿಸಿರಬೇಕು. ಅವಳ ಮೊಣಕೈಯನ್ನು ಹಿಡಿದು, "ಒಳ್ಳೇದು ಮಾಡಿದೆ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಕ್ಕನ ಯಾವ ಪ್ರಶ್ನೆಗೆ ಅವಳು ಏನೂ ಅನ್ನಲಿಲ್ಲವೋ ಅದು ಅವನಿಗೆ ಗೊತ್ತಿರಲಿಲ್ಲ. ದೆಲ್ಫಿನಾಳಿಗೆ ಅವನ ಮುಖ ನೋಡಲಾಗಲಿಲ್ಲ. ಮಂಚದ ಇನ್ನೊಂದು ಕೊನೆಗೆ ಹೋಗಿ ಕೂತು, ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಕಟ್ಟತೊಡಗಿದಳು.