ಹಲ್ಲಿಗೆ ಕೇಳಿದ ಸದ್ದು

ಬುಡ್ಡೇಸಾಬನ ಕಿವಿ ಹೋಗಿ ಮೂರು ವರ್ಷವಾಗಿತ್ತು. ಈ ಸಂಗತಿ ಇಡೀ ವಿಜಾಪುರದಲ್ಲಿ ಗೊತ್ತಿದ್ದದ್ದು ಒಬ್ಬನಿಗೇ, ಅವನಿಗೆ. ಉಳಿದವರೆಲ್ಲ ಅವನ ಕಿವಿಯನ್ನು ಹೊಗಳುತ್ತಲೇ ಇದ್ದರು. ಹಿಟ್ಟಿನ ಗಿರಣಿಯ ಎಂಜಿನ್ ಇರಲಿ, ತೋಟಕ್ಕೆ ನೀರೆತ್ತುವ ಎಂಜಿನ್ ಇರಲಿ, ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ, ಮಂದಿ ಫಟಫಟಿ ಎನ್ನುವ ಮಿಲಿಟರಿ ಮೋಟಾರ್ ಸೈಕಲ್ಲೇ ಇರಲಿ, ಬುಡ್ಡೇಸಾಬ ಅದರ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರೆ ಸಾಕು, ರೋಗ ತಾನಾಗಿ ಬಂದು ಹೆಸರು ಹೇಳುತ್ತದೆ ಎಂದು ಪೇಟೆಯ ಮಂದಿ ನಂಬಿದ್ದರು. ಕಿವಿ ಕೇಳದ್ದಕ್ಕೇ ಅಂಗೈ ಇಡುತ್ತಾನೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಮಂದಿಯೇ ಹಾಗೆ. ಕಣ್ಣು ಮುಚ್ಚಿ ನಿಂತವನನ್ನು ಕಂಡರೆ ಹಿಂದೆ ಮುಂದೆ ನೋಡದೆ ಕೈ ಮುಗಿಯುತ್ತಾರೆ.

ಒಂದು ಚಳಿಗಾಲದ ಜ್ವರದಲ್ಲಿ ಅವನ ಎರಡೂ ಕಿವಿ ಸೋರಿದ್ದವು. ತಿಂಗಳೊಪ್ಪತ್ತಿನಲ್ಲಿ ಸೋರುವುದು ನಿಂತಿತು, ಕೇಳುವುದೂ ನಿಂತಿತು. ಪೂರ್ತಿಯೇನೂ ಅಲ್ಲ. ಗಟ್ಟಿಯಾಗಿ ಕೂಗಿದರೆ ಆಚೆ ಓಣಿಯಿಂದ ಬಂದಂತೆ ಕೇಳುತ್ತಿತ್ತು. ಕೇಳದೆ ಉಳಿದದ್ದನ್ನು ಮಾತಾಡುವವರ ತುಟಿ ನೋಡಿ ತುಂಬಿಕೊಳ್ಳುತ್ತಿದ್ದ. ಲೋಕಕ್ಕೆಲ್ಲ ಯಾರೋ ಹತ್ತಿಯ ಗಾದಿ ಹೊದಿಸಿದಂತಿತ್ತು. ಗುಬ್ಬಿಗಳು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿದ್ದವು. ದನಿಯನ್ನು ಅವನೇ ನೆನಪಿನಿಂದ ತೆಗೆದು ಅವುಗಳ ಬಾಯಿಗೆ ಹಾಕುತ್ತಿದ್ದ. ಯಾವುದು ಕೇಳಿದ್ದು, ಯಾವುದು ನೆನೆದದ್ದು ಎಂದು ಒಮ್ಮೊಮ್ಮೆ ಅವನಿಗೇ ತಿಳಿಯುತ್ತಿರಲಿಲ್ಲ. ತನ್ನ ಉಸಿರು ಮತ್ತು ತನ್ನ ಮಾತು ಮಾತ್ರ ತಲೆಯೊಳಗೆ ದೊಡ್ಡದಾಗಿ ಮೊಳಗುತ್ತಿದ್ದವು. ಅದಕ್ಕೇ ಮೆಲ್ಲಗೆ ಮಾತಾಡುತ್ತಿದ್ದ. ವಯಸ್ಸಾದಂತೆ ಬುಡ್ಡೇಸಾಬ ಎಷ್ಟು ಮೆತ್ತಗಾದ ಎಂದು ಜನ ಅದನ್ನೂ ಹೊಗಳಿದರು.

ಹೊಗಳದವಳು ಹೆಂಡತಿ ಪೀರಾಂಬಿ ಒಬ್ಬಳೇ. ಅವಳ ದನಿ ಮೊದಲಿನಿಂದಲೂ ಸಣ್ಣದು. ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡುವುದು ಅವಳ ರೂಢಿ, ಮತ್ತು ಬೆನ್ನಿಗೆ ತುಟಿ ಇರುವುದಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ನಕ್ಕದ್ದಕ್ಕೆ ನಗು ಬರಲಿಲ್ಲ. ಮಕ್ಕಳಿಲ್ಲದ ಮನೆ, ಇದ್ದದ್ದೇ ಎರಡು ಬಾಯಿ. ಗಂಡನಿಗೆ ತಾನು ಬೇಡವಾದೆ ಎಂದು ತಿಳಿದ ಪೀರಾಂಬಿ ಬರಬರುತ್ತ ತನ್ನ ಬಾಯಿಯನ್ನೂ ಮುಚ್ಚಿದಳು. ಹೇಳಿಬಿಡಬೇಕೆಂದು ಬುಡ್ಡೇಸಾಬನಿಗೆ ಎಷ್ಟೋ ಸಲ ಅನ್ನಿಸಿತ್ತು. ಆದರೆ ಮನೆಗೆ ಗೊತ್ತಾದದ್ದು ಓಣಿಗೆ ಗೊತ್ತಾಗುತ್ತದೆ, ಓಣಿಗೆ ಗೊತ್ತಾದದ್ದು ಪೇಟೆಗೆ. ಕಿವುಡನ ಕೈಗೆ ಎಂಜಿನ್ ಯಾರು ಕೊಡುತ್ತಾರೆ? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ತನ್ನ ಗುಟ್ಟು ಕಾಯುವುದರಲ್ಲೇ ಅವನಿಗೆ ಮೂರು ವರ್ಷ ಹೋಯಿತು.

ಹಿಂದಿನ ರವಿವಾರ ಸಂತೆಗೆ ಬಂದ ಪೀರಾಂಬಿಯ ತಮ್ಮ ಬಂದೇನವಾಜ ಬುಡ್ಡೇಸಾಬನ ರಿಪೇರಿ ಅಂಗಡಿಯ ಎದುರು ನಿಂತು ಮಾತಾಡಿದ್ದ. ಅವನು ಮಮದಾಪುರದಲ್ಲಿ ದನ ಮೇಯಿಸುವವನು, ಕೆರೆಯ ಈ ದಂಡೆಯಿಂದ ಆ ದಂಡೆಗೆ ಕೂಗಿ ಬೆಳೆದ ಗಂಟಲು.

"ಭಾವಾ, ಬೇಸ್ತಾರ ಸಂಜಿಗೆ ಗಾಡಿ ತರತೇನಿ, ಅಕ್ಕನ್ನ ಕರಕೊಂಡು ಹೋಗತೇನಿ. ಹೆಂಡ್ತಿ ಕೂಡ ಎರಡ ಮಾತ ಆಡಾಕ ನಿಮಗ ನಾಲಿಗಿ ಏಳವಲ್ದು. ಇನ್ನ ಆಕಿ ನಮ್ಮ ಮನ್ಯಾಗ ಇರತಾಳ."

ಬುಡ್ಡೇಸಾಬನಿಗೆ ಒಂದಕ್ಷರ ಬಿಡದೆ ಕೇಳಿಸಿತ್ತು. ಬಗ್ಗಿ ಕೈಯಲ್ಲಿದ್ದ ನಟ್ಟು ಒರೆಸಿದ.

ಆ ಬೇಸ್ತವಾರ ಮುಂಜಾನೆ ಬಬಲೇಶ್ವರದ ಗುರಲಿಂಗಪ್ಪ ತನ್ನ ಫಟಫಟಿ ತಂದು ಅಂಗಡಿಯ ಮುಂದೆ ನಿಲ್ಲಿಸಿದ. ಹತ್ತಿಯ ವ್ಯಾಪಾರದವನು, ಮೂವತ್ತು ದಾಟದ ಹುಮ್ಮಸ್ಸಿನ ಮನುಷ್ಯ. ಅಂದು ಮಾತ್ರ ಅವನ ಮುಖ ಬಾಡಿತ್ತು.

"ಬುಡ್ಡೇಸಾಬಣ್ಣಾ, ಇದರಾಗ ಏನೋ ಒಂದು ಕಿಣಿಕಿಣಿ ಅಂತೈತ್ರಿ. ದಸರಾದಿಂದ ಹಿಡದೈತಿ. ಸೊಲ್ಲಾಪುರದಾಗ ಬಿಚ್ಚಿ ನೋಡಿದ್ರು, ಮಿರ್ಜಿಯೊಳಗ ಬಿಚ್ಚಿ ನೋಡಿದ್ರು. ಎಲ್ಲಾ ನಟ್ಟ ಬಿಗಿ ಅದಾವ ಅಂತಾರ. ನಿಮ್ಮ ಕಿವಿಗೂ ಸಿಗಲಿಲ್ಲಂದ್ರ ಗುಜರಿಗೆ ಹಾಕತೇನಿ ನೋಡ್ರಿ. ಹತ್ತಿ ನೋಡ್ರಿ, ಓಡಿದಾಗಷ್ಟ ಅಂತೈತಿ."

ಸಂಜೆ ಮನೆಯ ಮುಂದೆ ಗಾಡಿ ಬಂದು ನಿಲ್ಲುವ ದಿನ ಯಾವ ಗಂಡಸೂ ಊರು ಬಿಟ್ಟು ಹೋಗಬಾರದು. ಬುಡ್ಡೇಸಾಬ ಗುರಲಿಂಗಪ್ಪನ ಹಿಂದೆ ಹತ್ತಿ ಹೋದ. ಮನೆಯಲ್ಲಿ ಕೂತು ಹೆಂಡತಿ ಗಂಟು ಕಟ್ಟುವುದನ್ನು ನೋಡುವ ಎದೆ ಅವನಿಗಿರಲಿಲ್ಲ. ಅವಳನ್ನು ತಡೆಯಲು ಇದ್ದದ್ದು ಒಂದೇ ಮಾತು, ಆ ಮಾತಿಗೇ ಅವನು ಹೆದರಿದ್ದ.

ತೊರವಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕರಿಮಣ್ಣಿನ ಎರಿಹೊಲ, ತೆನೆ ಬಿಟ್ಟು ನಿಂತ ಬಿಳಿಜೋಳ. ಗಾಳಿ ಬೀಸಿದ ಕಡೆಗೆಲ್ಲ ತೆನೆಗಳು ಬಾಗಿ ಏಳುತ್ತಿದ್ದವು. ಹೊಲ ಕಾಯುವ ಮಂಚಿಕೆಯ ಮೇಲೆ ನಿಂತ ಹೆಂಗಸೊಬ್ಬಳು ಕವಣೆ ಬೀಸಿ ಹಕ್ಕಿಗಳಿಗೆ ಏನೋ ಕೂಗಿದಳು. ಅವಳ ತೆರೆದ ಬಾಯಿ ಕಂಡಿತು, ಹಕ್ಕಿಗಳು ಎದ್ದು ಹಾರಿದ್ದು ಕಂಡಿತು, ನಡುವಿನ ಕೂಗು ಎಲ್ಲೋ ಬಿದ್ದುಹೋಗಿತ್ತು. ಬುಡ್ಡೇಸಾಬನಿಗೆ ತಾನು ಫಟಫಟಿಯ ಮೇಲಿಲ್ಲ, ನೀರಿನಡಿಯಲ್ಲಿ ಸಾಗುತ್ತಿದ್ದೇನೆ ಅನ್ನಿಸಿತು. ಹೀಗೇ ಸಾಗುತ್ತಿದ್ದರೆ ಸಂಜೆಯೇ ಆಗಲಿಕ್ಕಿಲ್ಲ ಎಂದೂ ಒಂದು ಗಳಿಗೆ ಅನ್ನಿಸಿತು.

ಇಳಿಜಾರಿನಲ್ಲಿ ಗುರಲಿಂಗಪ್ಪ ಹಿಂತಿರುಗಿ ನೋಡಿ ಹುಬ್ಬು ಹಾರಿಸಿದ, ಕೇಳ್ತೇನು ಎನ್ನುವ ಹಾಗೆ.

"ಕೇಳ್ತು, ಕೇಳ್ತು," ಎಂದ ಬುಡ್ಡೇಸಾಬ. ಅವನಿಗೆ ಕೇಳಿದ್ದು ಗಾಳಿಯ ಗುಂಯ್‌ಗುಡುವಿಕೆ.

ತಿಕೋಟಾದ ಬಜಾರಿನ ಬೇವಿನ ಗಿಡದ ಕೆಳಗೆ ಗಾಡಿ ನಿಂತಾಗ ಬುಡ್ಡೇಸಾಬ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬಾಯಿಗೆ ಬಂದ ಹೆಸರು ಹೇಳಿದ. ಚೈನಿನ ಮುಚ್ಚಳ. ಅದರ ಎರಡು ನಟ್ಟು ಬಿಗಿದ. ಗುರಲಿಂಗಪ್ಪ ಒಂದು ಸುತ್ತು ಹೊಡೆದು ಬಂದ. ಬರುವಾಗಲೇ ಅವನ ಮುಖ ಇಳಿದಿತ್ತು.

"ಇನ್ನೂ ಅಂತೈತ್ರಿ. ನಿಮಗ ಖರೇನ ಕೇಳತೈತಿಲ್ಲೋ?"

ಗುರಲಿಂಗಪ್ಪ ಅನುಮಾನದಿಂದ ಕೇಳಿದ್ದಲ್ಲ, ಬೇಸರದಿಂದ ಕೇಳಿದ್ದು. ಆದರೂ ಆ ಪ್ರಶ್ನೆಯನ್ನು ಈ ಮೂರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ಗುರಲಿಂಗಪ್ಪನೇ ಬಜಾರಿನಿಂದ ಹುರಿಗಡಲೆಯ ಪೊಟ್ಟಣ ತಂದ. ಇಬ್ಬರೂ ಗಿಡದ ಬೊಡ್ಡೆಗೆ ಒರಗಿ ತಿನ್ನುತ್ತ ಕೂತರು. ಗುರಲಿಂಗಪ್ಪ ಏನೋ ಹೇಳುತ್ತಿದ್ದ; ಬುಡ್ಡೇಸಾಬನಿಗೆ ಅದು ಕೇಳಲಿಲ್ಲ. ಅವನ ತಲೆಯ ತುಂಬ ಕಡಲೆ ಒಡೆಯುವ ಸದ್ದು, ಗರಸುಗಲ್ಲಿನ ಮೇಲೆ ಗಾಡಿ ಹೋದ ಹಾಗೆ ಕಟಕಟ ಕಟಕಟ. ಅಗಿಯುವುದನ್ನು ನಿಲ್ಲಿಸಿದ, ಸದ್ದು ನಿಂತಿತು. ಮತ್ತೆ ಅಗಿದ. ಮೂರು ವರ್ಷ ದಿನಾ ಎರಡು ಹೊತ್ತು ಒಣಗಿದ ಕಟಿ ರೊಟ್ಟಿ ತಿಂದವನಿಗೆ ಇದು ಹೊಸದಲ್ಲ, ಆದರೆ ಅದರ ಬಗ್ಗೆ ಅವನು ಯೋಚಿಸಿದ್ದು ಆ ಹೊತ್ತೇ ಮೊದಲು. ಕಿವಿಯ ಬಾಗಿಲು ಮುಚ್ಚಿದ್ದರೆ ಸದ್ದು ಹಿತ್ತಿಲ ಬಾಗಿಲಿನಿಂದ ಬರುತ್ತಿದೆ ಹಾಗಾದರೆ. ಹಲ್ಲಿನಿಂದ. ಅವನಿಗೆ ಆಗಲೇ ಫಟಫಟಿಯನ್ನು ಕಚ್ಚಿ ನೋಡುವ ಆಸೆಯಾಯಿತು. ಆದರೆ ತಿಕೋಟಾದ ನಡುಬಜಾರಿನಲ್ಲಿ ಗಡ್ಡ ಬಿಟ್ಟ ಮನುಷ್ಯ ಫಟಫಟಿಗೆ ಬಾಯಿ ಹಾಕಿದರೆ ಮರ್ಯಾದೆ ಉಳಿದೀತೇ?

"ಸಾವಕಾರ್ರ, ನಿಮ್ಮ ಮನಿಗೆ ನಡೀರಿ," ಎಂದ. "ಅಲ್ಲಿ ಹಿಡೀತೇನಿ."

ಬಬಲೇಶ್ವರದ ಮನೆಯಲ್ಲಿ ಗುರಲಿಂಗಪ್ಪನ ತಾಯಿ ಮುರಿಗೆವ್ವ ಅಂಗಳಕ್ಕೆ ಬಂದಳು. ಹಣೆ ತುಂಬ ವಿಭೂತಿ, ಅದರ ನಡುವೆ ಕಾಸಿನಗಲ ಕುಂಕುಮ. ಬುಡ್ಡೇಸಾಬ ಬಗ್ಗಿ ಗಾಡಿಯನ್ನು ಸ್ಟ್ಯಾಂಡಿಗೆ ಹಾಕುತ್ತಿದ್ದ. ತಿರುಗಿ ನೋಡಿದಾಗ ಆಕೆ ನೀರಿನ ತಂಬಿಗೆ ಹಿಡಿದು ಬಹಳ ಹೊತ್ತಿನಿಂದ ನಿಂತವಳ ಹಾಗೆ ಅವನನ್ನೇ ನೋಡುತ್ತಿದ್ದಳು. ಗಡಬಡಿಸಿ ನೀರು ಕುಡಿದ.

"ನೀವೆಲ್ಲಾ ಒಳಗ ನಡೀರಿ. ನಾ ಒಬ್ಬನ ಇದ್ರ ಅದು ಮಾತಾಡತೈತಿ," ಎಂದು ಎಲ್ಲರನ್ನೂ ಕಳಿಸಿದ.

ಗೋಡೆಯ ಗೂಟಕ್ಕೆ ಹಳೆಯ ಬಾರುಕೋಲು ತೂಗುತ್ತಿತ್ತು. ಅದರ ತೊಗಲಿನ ಬಾರು ಬಿಚ್ಚಿಟ್ಟು ಕೋಲು ಕೈಗೆ ತೆಗೆದುಕೊಂಡ. ಎಂಜಿನ್ ಚಾಲೂ ಮಾಡಿದ. ಕೋಲಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇನ್ನೊಂದು ತುದಿಯನ್ನು ಎಂಜಿನ್ನಿಗೆ ಆನಿಸಿದ.

ಕಟ್ಟೆ ಒಡೆದಂತೆ ಸದ್ದು ಒಳಗೆ ನುಗ್ಗಿತು. ಇದು ನೆನಪಿನದಲ್ಲ, ಖರೆಯದು. ಪಿಸ್ಟನ್ನಿನ ಗುದ್ದು, ಅದರ ಬೆನ್ನಿಗೆ ವಾಲ್ವುಗಳ ಟಿಕಟಿಕ, ಚೈನಿನ ಸರಸರ, ಎಲ್ಲ ಬಿಡಿಬಿಡಿಯಾಗಿ, ಹಳೆಯ ಗೆಳೆಯರು ಸಾಲಾಗಿ ಬಂದು ಅಪ್ಪಿಕೊಂಡ ಹಾಗೆ. ಕೋಲಿನ ತುದಿಯನ್ನು ಟಾಂಕಿಗೆ ಒಯ್ದ, ಅಲ್ಲಿಂದ ಹ್ಯಾಂಡಲ್ಲಿಗೆ, ಅಲ್ಲಿಂದ ಮುಂದಿನ ದೀಪದ ತಗಡಿಗೆ. ಎಂಜಿನ್ ಏರಿಸಿದ.

ಕಿಣಿ ಕಿಣಿ ಕಿಣಿ.

ಬಳೆ. ಗಾಜಿನ ಬಳೆ. ಅರವತ್ತು ಸಾಮಾನು ಬಿಚ್ಚಿ ನೋಡಬೇಕಿರಲಿಲ್ಲ, ಹೆಂಡತಿಯಿದ್ದ ಯಾವ ಗಂಡಸಿಗಾದರೂ ಗೊತ್ತಾಗುವ ಸದ್ದು. ಕೆಲಸ ಮುಗಿದಿತ್ತು, ಆದರೂ ಅವನು ಕೋಲು ತೆಗೆಯಲಿಲ್ಲ. ಪೀರಾಂಬಿ ರೊಟ್ಟಿ ಬಡಿಯುವಾಗ, ಕೊಡ ಇಳಿಸುವಾಗ, ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಈ ಸದ್ದು ಬರುತ್ತಿತ್ತು. ತಾನು ಅದನ್ನು ಕಳೆದುಕೊಂಡೆ ಎಂದು ಅವನು ಮೂರು ವರ್ಷ ತನ್ನೊಬ್ಬನಿಗಾಗಿ ಮರುಗಿದ್ದ. ಅವಳು ಮೂರು ವರ್ಷ ಗೋಡೆಗೆ ಮಾತಾಡಿದಳು ಎನ್ನುವುದು ಈಗ ತಿಳಿಯಿತು. ಕಿವಿ ಹೋದದ್ದು ಇವನದು, ಶಿಕ್ಷೆ ಅವಳಿಗೆ. ಕೋಲು ಕಚ್ಚಿಕೊಂಡೇ ಬುಡ್ಡೇಸಾಬ ಅತ್ತ.

ಕಣ್ಣೊರೆಸಿಕೊಂಡು ಎಂಜಿನ್ ನಿಲ್ಲಿಸಿದ. ದೀಪದ ಸ್ಕ್ರೂ ಬಿಚ್ಚಿ ಗಾಜು ಹೊರಗೆಳೆದಾಗ ಹಿಂದಿನ ಪೊಳ್ಳಿನಿಂದ ಐದು ಹಸಿರು ಬಳೆ, ಐದು ಅಡಿಕೆ, ಐದು ಉತ್ತತ್ತಿ, ಐದು ಅರಿಷಿಣದ ಕೊಂಬು ಅಂಗೈಗೆ ಬಂದವು. ಎಂಜಿನ್ ನಿಂತದ್ದು ಕೇಳಿ ಹೊರಗೆ ಬಂದ ಗುರಲಿಂಗಪ್ಪ ಬಾಯಿ ತೆರೆದು ನಿಂತ.

"ಯವ್ವಾ! ಇದೇನ ಬೇ ಇದು?"

ಮುರಿಗೆವ್ವ ಕಣ್ಣು ಸಹ ಪಿಳುಕಿಸಲಿಲ್ಲ. ಎಲ್ಲರಿಗೂ ಕೇಳಲೆಂಬಂತೆ ಗಟ್ಟಿಯಾಗಿ ಹೇಳಿದಳು. "ನಾನ ಇಟ್ಟೀನಿ. ದಸರಾದಾಗ ಖಂಡೇಪೂಜಿ ದಿನ ನೀ ದೀಪ ಬಿಚ್ಚಿಟ್ಟು ಜಳಕಕ್ಕ ಹೋಗಿದ್ದಿ. ಮರುದಿನ ಅದು ಮೊದಲನೇ ಸಲ ಪರಊರಿಗೆ ಹೊಂಟಿತ್ತು. ಮನಿಮಗಳ್ನ ಬರೇ ಉಡಿಲೆ ಕಳಸತಾರೇನು? ಅದಕ್ಕ ಉಡಿ ಎಲ್ಲೈತಿ ಅಂತ ನೋಡಿದೆ, ಅದೊಂದ ತೆರದಿತ್ತು."

"ಅದು ಫಟಫಟಿ ಬೇ!"

"ಆಗಲೇಳು. ಅದಕ್ಕ ಕುಂಕುಮ ಹಚ್ಚಿದ್ರ ನಡೀತೈತಿ, ಉಡಿ ತುಂಬಿದ್ರ ನಡಿಯೂದಿಲ್ಲಾ?"

ಒಮ್ಮೆ ತುಂಬಿದ ಮಡಿಲು ಬರಿದು ಮಾಡಲು ಮುರಿಗೆವ್ವ ಒಪ್ಪಲಿಲ್ಲ. ಕೊನೆಗೆ ಒಂದು ಕುಬಸದ ಖಣ ತರಿಸಿ, ಎಲ್ಲವನ್ನೂ ಅದರಲ್ಲಿ ಬಿಗಿಯಾಗಿ ಸುತ್ತಿ, ಬುಡ್ಡೇಸಾಬನೇ ಮರಳಿ ಒಳಗಿಟ್ಟ. ಗುರಲಿಂಗಪ್ಪ ಊರ ಅಗಸೆಬಾಗಿಲ ತನಕ ಓಡಿಸಿ ನಗುತ್ತ ಬಂದ.

"ಸೊಲ್ಲಾಪುರದಾಗೂ ಇಂಥಾ ಕಿವಿ ಇಲ್ಲ ಬಿಡ್ರಿ!"

ಮುರಿಗೆವ್ವ ಬುಡ್ಡೇಸಾಬನ ಹತ್ತಿರ ಬಂದಳು. ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಅಕ್ಷರವನ್ನು ತುಟಿಯ ಮೇಲೆ ಬಿಡಿಸಿಟ್ಟು ಕೇಳಿದಳು.

"ನೀರಿಗೆ ಮೂರು ಸಲ ಕರದೆ ನಿನ್ನ. ಕಿವಿ ಕೇಳೂದಿಲ್ಲೇನೋ ಯಪ್ಪಾ?"

ಅವನು ಹೌದೆಂದು ತಲೆಯಾಡಿಸಿದ. ಆಕಾಶವೇನೂ ಕಳಚಿ ಬೀಳಲಿಲ್ಲ.

"ಮನ್ಯಾಗ ಗೊತ್ತೈತೇನು?"

ಇಲ್ಲವೆಂದು ತಲೆಯಾಡಿಸಿದ. ಮುರಿಗೆವ್ವ ಎಂಥ ಗಂಡಸಪ್ಪಾ ನೀನು ಎನ್ನುವ ಹಾಗೆ ಒಮ್ಮೆ ನೋಡಿದಳು, ಅಷ್ಟೇ. ಆ ನೋಟಕ್ಕಿಂತ ಎರಡು ಏಟು ಹೊಡೆದಿದ್ದರೆ ಹಗುರಾಗುತ್ತಿತ್ತು.

"ಸಾವಕಾರ್ರ, ಲಗೂನ ಬಿಡ್ರಿ ನನ್ನ," ಎಂದ ಬುಡ್ಡೇಸಾಬ. "ಮಮದಾಪುರದ ಗಾಡಿ ಬಂದಿರತೈತಿ."

ವಿಜಾಪುರ ಮುಟ್ಟಿದಾಗ ಹೊತ್ತು ಮುಳುಗಲು ಇನ್ನೂ ಒಂದಾಳುದ್ದ ಬಿಸಿಲಿತ್ತು. ಎತ್ತು ಹೂಡಿದ ಗಾಡಿ ಮನೆಯ ಮುಂದೆಯೇ ನಿಂತಿತ್ತು. ಬಂದೇನವಾಜ ಟ್ರಂಕು ಏರಿಸಿ ಆಗಿತ್ತು. ಪೀರಾಂಬಿ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಗಂಡನನ್ನು ಕಂಡು ಎದ್ದು ನಿಂತಳು, ಮುಖ ಬೇರೆ ಕಡೆ ತಿರುಗಿಸಿದಳು.

ಬುಡ್ಡೇಸಾಬ ಅವಳನ್ನು ದಾಟಿ ಒಳಗೆ ಹೋಗಿ ಅಡಿಗೆಮನೆಯಿಂದ ಉದ್ದನೆಯ ಮರದ ಹುಟ್ಟು ಹಿಡಿದು ಬಂದ. ಅಂಬಲಿ ತಿರುವುವ ಹುಟ್ಟು. ಹೊಡೆಯಲಿಕ್ಕೇ ತಂದನೆಂದು ಬಂದೇನವಾಜ ಹಾರಿ ಅಡ್ಡ ನಿಂತ.

"ಹೊಡಿಯಾಕಲ್ಲೋ, ಆ ಕಡೆ ಸರಿ," ಎಂದು ಅವನನ್ನು ಪಕ್ಕಕ್ಕೆ ದಬ್ಬಿ ಬುಡ್ಡೇಸಾಬ ಹೆಂಡತಿಯ ಎದುರು ನಿಂತ. "ಪೀರಾಂಬಿ, ನನಗ ಕಿವಿ ಕೇಳೂದಿಲ್ಲ. ಜ್ವರ ಬಂತಲ್ಲ, ಆವತ್ತಿಂದ. ನಿನ್ನ ಒಂದ ಮಾತೂ ನನಗ ಮುಟ್ಟಿಲ್ಲ. ಹೇಳಾಕ ಅಂಜಿದೆ."

ಆ ಭರದಲ್ಲಿ, ಎಂದಿನಂತೆ ಮೆಲ್ಲಗೆ ಹೇಳಿದೆ ಎಂದೇ ಅವನು ತಿಳಿದಿದ್ದ. ಆದರೆ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು, ಮುಖಗಳು ಹೊರಗೆ ಬಂದವು. ಕೂಗಿದ್ದೆ ಎಂದು ಆಗ ಗೊತ್ತಾಯಿತು. ನಾಳೆ ಮುಂಜಾನೆಯೊಳಗೆ ಪೇಟೆಗೆಲ್ಲ ಸುದ್ದಿ. ಆಗಲಿ.

ಪೀರಾಂಬಿಯ ಕೈಯಿಂದ ಗಂಟು ಜಾರಿತು. ಅವಳ ತುಟಿ ಅಲುಗಿದವು, ನೀರು ತುಂಬಿದ ಅವನ ಕಣ್ಣಿಗೆ ಅದು ಓದಲು ಬರಲಿಲ್ಲ. ಹುಟ್ಟಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಮೆಲ್ಲನೆ ಅವಳ ಗಂಟಲಿಗೆ ಆನಿಸಿ, ಮಾತಾಡು ಎಂದು ಕೈಸನ್ನೆ ಮಾಡಿದ. ಐವತ್ತರ ಹತ್ತಿರದ ಗಂಡ, ಬಾಯಲ್ಲಿ ಹುಟ್ಟು, ಸುತ್ತಲೂ ಓಣಿ. ಪೀರಾಂಬಿ ನಾಚಿದಳು. ಹುಟ್ಟನ್ನು ಮಾತ್ರ ಎರಡೂ ಕೈಯಲ್ಲಿ ಗಂಟಲಿಗೆ ಒತ್ತಿ ಹಿಡಿದುಕೊಂಡಳು.

ಮೊದಲು ಉಗುಳು ನುಂಗಿದ ಸದ್ದು ಬಂತು. ಆಮೇಲೆ ಒಂದು ಬಿಕ್ಕು. ಆಮೇಲೆ ಅವಳ ದನಿ, ಅದೇ ಸಣ್ಣ ದನಿ, ನಡು ನೆತ್ತಿಯಲ್ಲಿ ಕೂತು ಮಾತಾಡಿದ ಹಾಗೆ.

"ಹಂಗಾದ್ರ ಇಷ್ಟ ದಿನ ನಾ ಬೈದದ್ದೆಲ್ಲಾ ದಂಡ ಆತಲ್ರೀ."

ಬುಡ್ಡೇಸಾಬನಿಗೆ ನಗು ಬಂದು ಹುಟ್ಟು ಬಾಯಿಂದ ಜಾರಿತು. ಗಾಬರಿಯಿಂದ ಮತ್ತೆ ಕಚ್ಚಿ ಹಿಡಿದ. ಪೀರಾಂಬಿ ಅವನನ್ನೇ ನೋಡುತ್ತಿದ್ದಳು, ಆದರೆ ಈ ಸಲ ಮಾತಾಡಿದ್ದು ತಮ್ಮನಿಗೆ. ಅದೂ ಕಟ್ಟಿಗೆಯೊಳಗಿಂದ ನಡೆದು ಬಂದು ಗಂಡನಿಗೆ ಮುಟ್ಟಿತು.

"ಎತ್ತು ಬಿಚ್ಚೋ ತಮ್ಮಾ. ಇದು ಇವತ್ತಿಗೆ ಮುಗಿಯೂ ಮಾತಲ್ಲ."