ಓಡಿಸಿಕೊಂಡು ಹೋಗುವವರಿಗೆ ಮಾತ್ರ

"ಇನ್ನೊಂದ್ಸಲ ತಿರುಗ್ಸು," ಎಂದಳು ಆರ್ಡಿತ್.

ಮೆರ್ಲ್ ಕೀಲಿ ತಿರುಗಿಸಿದ. ಎಂಜಿನ್ನು ಗರಗರ ಸುತ್ತಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಗ್ಯಾರೇಜಿನ ತುಂಬ ಪೆಟ್ರೋಲಿನ ವಾಸನೆ. ಆರ್ಡಿತ್ ಗಂಡನ ಮಣ್ಣಿಗೆಂದು ಕೊಂಡ ಕಪ್ಪು ಉಡುಪಿನ ಮೇಲೆ ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು, ಬಾನೆಟ್ಟಿನೊಳಕ್ಕೆ ಟಾರ್ಚು ಬಿಟ್ಟು ನಿಂತಿದ್ದಳು. ನಿನ್ನೆ ಪಾರ್ಲರಿಗೆ ಹೋಗಿ ಒಪ್ಪ ಮಾಡಿಸಿಕೊಂಡು ಬಂದ ಕೂದಲಿಗೆ ಆಗಲೇ ಗ್ರೀಸು ತಗುಲಿತ್ತು.

"ಬ್ಯಾಟರಿ ಹೊಸದು. ಪೆಟ್ರೋಲು ಬರ್ತಿದೆ. ಕಿಡೀನೇ ಬರ್ತಿಲ್ಲ," ಎಂದ ಮೆರ್ಲ್. ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿಯೇ ಮುದುಕನಾದವನು. ಆರ್ಡಿತಳ ಸತ್ತ ಗಂಡ ವರ್ಜಿಲನಿಗೆ ಜೀವದ ಗೆಳೆಯ. "ನಿನ್ ಗಂಡ ಹೋಗ್ತಾ ಕಿಡೀನೂ ಜೇಬಲ್ಲಿ ಹಾಕ್ಕೊಂಡು ಹೋದ ಅಂತ ಕಾಣುತ್ತೆ."

"ಹಾಗಾದ್ರೆ ಹೋಗಿ ಜೇಬು ತಡಕು. ಚರ್ಚಲ್ಲೇ ಮಲಗಿದಾನಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ಡಾರ್ಲಾ ನಿಟ್ಟುಸಿರು ಬಿಟ್ಟಳು. "ಅಮ್ಮ, ಸಾಕು. ಚರ್ಚಿಗೆ ಜನ ಬರೋಕೆ ಶುರುವಾಗಿದೆ. ಟೊಲೀಡೊದ ಕಾರು ವ್ಯಾಪಾರಿ ಮಧ್ಯಾಹ್ನ ಟ್ರೇಲರ್ ತಗೊಂಡು ಬರ್ತಾನೆ. ಹೊರಿಸಿ ಕಳ್ಸೋಣ. ನೀನು ಹೋಗ್ತಿರೋ ಹೊಸ ಮನೇಲಿ ಸೈಕಲ್ ನಿಲ್ಸೋಕೂ ಜಾಗ ಇಲ್ಲ."

"ನಾವು ಮಾತಾಡ್ಕೊಂಡಿದ್ದೇನು?"

"ಸ್ಟಾರ್ಟ್ ಆದ್ರೆ ನಿನ್ನಿಷ್ಟ, ಆಗ್ದಿದ್ರೆ ಟ್ರೇಲರ್."

"ಇನ್ನೂ ಹೊತ್ತಿದೆ," ಎಂದು ಆರ್ಡಿತ್ ಮತ್ತೆ ಬಗ್ಗಿದಳು.

ಎಪ್ಪತ್ತರ ಇಸವಿಯ ಡಾಡ್ಜ್ ಡಾರ್ಟ್ ಕಾರು ಮಾತ್ರ ಹಳದಿ ಮೈ ಹೊಳೆಸುತ್ತ, ಯಾರ ಅವಸರವೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ನಿಂತಿತ್ತು.

*

ಅದು ಶಾಲೆಯ ಬಸ್ಸಿನ ಹಳದಿ. ಮಾರಲು ಹೊರಟಾಗ ಅದೇ ಮೊದಲ ತೊಂದರೆ.

ವರ್ಜಿಲ್ ಬೋಕ್‌ಮನ್ ಊರಿನ ಶಾಲೆಯ ಬಸ್ಸನ್ನು ಮಂಡಿ ಸವೆಯುವವರೆಗೆ ಓಡಿಸಿದ. ಜೋಳದ ಹೊಲಗಳ ನಡುವೆ, ಪ್ರತಿ ಮನೆಯ ಮುಂದೆಯೂ ನಿಲ್ಲಿಸುತ್ತ, ಹಸು ನಡೆದಷ್ಟು ನಿಧಾನಕ್ಕೆ. ಇಷ್ಟು ನಿಧಾನದ ಮನುಷ್ಯನಿಗೆ ಅಷ್ಟು ಜೋರಿನ ಗಾಡಿಯ ಹುಚ್ಚು ಹೇಗೆ ಹಿಡಿಯಿತೆಂದು ಕೇಳಬೇಡಿ. ನಿಧಾನವಾಗಿ ಬದುಕಿದವರಿಗೇ ಅದು ಹಿಡಿಯುವುದು. ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಡಾರ್ಟನ್ನು ಎಳೆದು ತಂದ. ಚಳಿಗಾಲಗಳೆಲ್ಲ ಅದರ ಕೆಳಗೆ ಮಲಗಿಯೇ ಕಳೆದವು. ಕೈಯಲ್ಲಿ ಇದ್ದಷ್ಟರಲ್ಲಿ ರಿಪೇರಿ ಮಾಡಿದ. ತುಕ್ಕು ಹಿಡಿದ ಕಡೆ ತಗಡು ಕೂರಿಸಿದ. ಬಸ್ ಶೆಡ್ಡಿನಲ್ಲಿ ಉಳಿದಿದ್ದ ಬಣ್ಣವನ್ನು ಕೇಳಿ ತಂದು ಬಳಿದ. ಭಾನುವಾರ ಚರ್ಚು ಮುಗಿದ ಮೇಲೆ ಆರ್ಡಿತಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ದಾರಿಯಲ್ಲಿ ಬಿಟ್ಟನೆಂದರೆ ಅವಳ ಟೋಪಿ ಎಷ್ಟೋ ಸಲ ಹಾರಿಹೋಗಿದೆ. ಕೀಲಿ ತಿರುಗಿಸುವ ಮುಂಚೆ ಪ್ರತಿ ಸಲವೂ ಡ್ಯಾಶ್‌ಬೋರ್ಡಿನ ಕೆಳಗೆ ಕೈಯಿಟ್ಟು, ಕುದುರೆಯ ಮೈದಡವಿದಂತೆ ಒಮ್ಮೆ ಸವರುತ್ತಿದ್ದ. ಅದನ್ನು ನೋಡುವಾಗ ಆರ್ಡಿತಳಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಕೊನೆಗೆ ಮಂಡಿ ಕ್ಲಚ್ಚನ್ನು ಒತ್ತದಾಯಿತು. ಮನೆಯ ಮುಂದಿನ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ರಟ್ಟಿನ ಮೇಲೆ ಬರೆದಿಟ್ಟ: ಮಾರಾಟಕ್ಕಿದೆ. ಓಡಿಸಿಕೊಂಡು ಹೋಗುವವರಿಗೆ ಮಾತ್ರ.

ನೋಡಲು ಬಂದವರೇನೂ ಕಡಿಮೆಯಿರಲಿಲ್ಲ. ಒಬ್ಬ ನೆಲಕ್ಕೆ ಕೆನ್ನೆ ಹಚ್ಚಿ ಎಂಜಿನ್ನಿನ ನಂಬರು ಓದಿ, ಇದು ಈ ಗಾಡಿಯ ಜೊತೆ ಹುಟ್ಟಿದ ಎಂಜಿನ್ನಲ್ಲ ಎಂದು ಹೊರಟುಹೋದ. ಇನ್ನೊಬ್ಬನಿಗೆ ಬಾಗಿಲಿನ ಸಂದು ಸಮ ಇರಲಿಲ್ಲ. ಮತ್ತೊಬ್ಬ, ತುಕ್ಕು ಹಾಗೇ ಇದ್ದಿದ್ದರೆ ಕೊಳ್ಳುತ್ತಿದ್ದೆ, ನೀವು ಮುಟ್ಟಿ ಕೆಡಿಸಿದಿರಿ ಎಂದ. ಹೊಸದು ಬೇಕೆನ್ನುವವರಿಗೆ ಅದು ಹಳೆಯದು, ಹಳೆಯದು ಬೇಕೆನ್ನುವವರಿಗೆ ಹೊಸದು. ಸಾಲದ್ದಕ್ಕೆ, ಯಾರು ಫೋನ್ ಮಾಡಿದರೂ ವರ್ಜಿಲ್ ಮೊದಲು ಗಾಡಿಯ ದೋಷಗಳನ್ನೇ ಒಂದೊಂದಾಗಿ ಹೇಳುತ್ತಿದ್ದ.

"ನೀನು ಗಾಡಿ ಮಾರ್ತಿದೀಯೋ, ಅದರ ಮೇಲೆ ಚಾಡಿ ಹೇಳ್ತಿದೀಯೋ?" ಎಂದು ಮೆರ್ಲ್ ರೇಗುತ್ತಿದ್ದ.

"ಆಮೇಲೆ ಗೊತ್ತಾಗೋದನ್ನ ಮೊದಲೇ ಹೇಳಿದ್ರೆ ಏನಾಯ್ತು?"

ಟೊಲೀಡೊದ ವ್ಯಾಪಾರಿ ಮಾತ್ರ ಚೌಕಾಸಿ ಮಾಡಲಿಲ್ಲ. ಟ್ರೇಲರ್ ತಂದು ಗೇಟಿನ ಮುಂದೆ ನಿಲ್ಲಿಸಿಯೇ ಒಳಗೆ ಬಂದ.

"ಎಲ್ಲಿಡ್ತೀರಿ ಇದನ್ನ?" ಎಂದು ವರ್ಜಿಲ್ ಕೇಳಿದ.

"ನನ್ನ ಶೋರೂಮಲ್ಲಿ. ಮೇಲೆ ಬಟ್ಟೆ ಹೊದಿಸ್ತೀನಿ."

"ಓಡಿಸಲ್ವಾ?"

"ಓಡಿಸಿದ್ರೆ ಬೆಲೆ ಇಳಿಯುತ್ತೆ ಸಾರ್."

ವರ್ಜಿಲ್ ಅವನ ಕೈಯಿಂದ ಕೀಲಿ ವಾಪಸು ತೆಗೆದುಕೊಂಡ. "ಇದು ಗಾಡಿ ಸ್ವಾಮಿ, ಹೆಣ ಅಲ್ಲ, ಹೊತ್ಕೊಂಡು ಹೋಗೋಕೆ."

ಅವತ್ತು ಆರ್ಡಿತ್ ಗಂಡನ ಜೊತೆ ಮಾತು ಬಿಟ್ಟಿದ್ದಳು. ಹೊತ್ತರೇನು, ಓಡಿಸಿದರೇನು, ಗ್ಯಾರೇಜು ಖಾಲಿಯಾದರೆ ಸಾಕು ಎಂಬುದು ಅವಳ ವಾದವಾಗಿತ್ತು. ಈಗ ಅದೇ ಮಾತನ್ನು ಮಗಳ ಬಾಯಲ್ಲಿ ಕೇಳಿದಾಗ ಅವಳಿಗೆ ಮೈ ಉರಿಯುತ್ತಿತ್ತು. ಮನೆಯಿಂದ ಒಂದೇ ದಿನ ಎರಡನ್ನು ಹೊರಿಸಿ ಕಳಿಸಲಾರೆ ಎಂದು ಅವಳು ನಿಶ್ಚಯಿಸಿದ್ದಳು.

*

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಶವಸಂಸ್ಕಾರ ನಡೆಸಿಕೊಡುವ ಟ್ರೆಂಟ್, ಕೈತುಂಬ ನೇರಳೆ ಬಾವುಟಗಳನ್ನು ಹಿಡಿದು ಬಂದ. ಮೆರವಣಿಗೆಯ ಗಾಡಿಗಳ ನೆತ್ತಿಗೆ ಅಯಸ್ಕಾಂತದಿಂದ ಅಂಟಿಸುವ ಬಾವುಟಗಳು. ಅವನ ಹಿಂದೆ ಗುಂಡುಗುಂಡಾದ ಒಬ್ಬ ಹೆಂಗಸು, ಹೆಗಲಿಗೊಂದು ಚೀಲ.

"ಮಿಸೆಸ್ ಬೋಕ್‌ಮನ್, ಇವ್ರು ಹೆದ್ದಾರೀಲಿ ಬಸ್ ಇಳಿದು ನಿಂತಿದ್ರು. ನಿಮ್ಮನೆ ಕೇಳಿದ್ರು. ನೆಂಟರು ಅಂತ ಕರ್ಕೊಂಡ್ಬಂದೆ."

"ನೆಂಟಳಲ್ಲ," ಎಂದಳು ಆಕೆ. "ನಾನು ಮಾರಿಸೊಲ್. ಚಿಕಾಗೋದಿಂದ. ಮಿಸ್ಟರ್ ಬೋಕ್‌ಮನ್‌ಗೆ ಶನಿವಾರ ಬರ್ತೀನಿ ಅಂದಿದ್ದೆ, ಗಾಡಿ ನೋಡೋಕೆ. ಇದಾರಾ?"

ಮಾರಿಸೊಲ್ ಆರ್ಡಿತಳ ಕಪ್ಪು ಉಡುಪನ್ನು, ಟ್ರೆಂಟನ ಕೈಯಲ್ಲಿದ್ದ ಬಾವುಟಗಳನ್ನು ನೋಡಿ, ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು.

"ಇವತ್ತೇ ಅವರ ಮಣ್ಣು," ಎಂದಳು ಆರ್ಡಿತ್.

ಮಾರಿಸೊಲ್ ಶಿಲುಬೆಯ ಗುರುತು ಮಾಡಿಕೊಂಡಳು. "ಎಷ್ಟು ಒಳ್ಳೇ ಮನುಷ್ಯ. ಈ ಗಾಡಿಗಿರೋ ಒಂದೊಂದು ರೋಗಾನೂ ಫೋನಲ್ಲಿ ಹೇಳಿದ್ರು. ನಮ್ಮತ್ತೆ ಕೂಡ ತನ್ನ ಕಾಯಿಲೆಗಳನ್ನ ಅಷ್ಟು ಚೆನ್ನಾಗಿ ಹೇಳಲ್ಲ." ಅವಳ ಕಣ್ಣು ತಾನಾಗಿಯೇ ಡಾರ್ಟಿನ ಕಡೆ ಹೋಯಿತು. "ಕ್ಷಮಿಸಿ. ನಾನು ಹೋಗ್ತೀನಿ."

"ಹೋಗಿ ಏನ್ಮಾಡ್ತೀಯ," ಎಂದ ಮೆರ್ಲ್ ಬೇಸರದಿಂದ. "ಅದು ಸ್ಟಾರ್ಟೂ ಆಗ್ತಿಲ್ಲ, ನೋಡ್ಕೊಂಡೇ ಹೋಗು."

"ಯಾಕೆ, ಕೆಳಗಿನ ಸ್ವಿಚ್ಚು ಎತ್ತಿದ್ರಾ?"

ಮೆರ್ಲ್ ತಲೆಯೆತ್ತಿದ. "ಯಾವ ಸ್ವಿಚ್ಚು?"

"ಡ್ಯಾಶ್‌ಬೋರ್ಡ್ ಕೆಳಗೆ, ಬೂದಿ ತಟ್ಟೆ ಹಿಂದೆ. ಅದನ್ನ ಎತ್ತದಿದ್ರೆ ಕಿಡಿ ಬರಲ್ಲ. ಯಾವನೋ ಹುಡುಗ ಒಂದ್ಸಲ ಗಾಡಿ ಕದ್ದು ಜೋಳದ ಹೊಲಕ್ಕೆ ನುಗ್ಗಿಸಿದ್ನಂತೆ, ಆಮೇಲೆ ಹಾಕಿದ್ದಂತೆ. ಊರಲ್ಲಿ ಯಾರಿಗೂ ಹೇಳಿಲ್ಲ ಅಂದ್ರು. ಇಲ್ಲಿರೋರೆಲ್ಲ ನನ್ ಬಸ್ಸಲ್ಲಿ ಬೆಳೆದ ಮಕ್ಕಳು, ಅವ್ರ ಯೋಗ್ಯತೆ ನಂಗೊತ್ತು ಅಂತ."

ಎಲ್ಲರೂ ಟ್ರೆಂಟನ ಕಡೆ ತಿರುಗಿದರು. ಕಪ್ಪು ಸೂಟು, ನುಣ್ಣಗೆ ಬಾಚಿದ ತಲೆ. ಊರಿನ ಸಾವುಗಳನ್ನೆಲ್ಲ ಗಂಭೀರವಾಗಿ ನಡೆಸಿಕೊಡುವ ಆ ಮನುಷ್ಯ ಕಿವಿಯವರೆಗೂ ಕೆಂಪಾದ.

"ಹದಿನಾರು ವರ್ಷ ನನಗಾಗ," ಎಂದ ಟ್ರೆಂಟ್. "ವಾಪಸ್ ತಂದು ಬಿಟ್ಟಿದ್ನಲ್ಲ."

"ಜೋಳದ ಸಮೇತ ತಂದಿದ್ದೆ," ಎಂದ ಮೆರ್ಲ್. ಅಷ್ಟರಲ್ಲಿ ಅವನ ಕೈ ಡ್ಯಾಶ್‌ಬೋರ್ಡಿನ ಕೆಳಗೆ ತಡಕಾಡುತ್ತಿತ್ತು. "ವೈರನ್ನ ಹಳೇ ವೈರಿನ ಒಳಗೇ ಸುತ್ತಿಟ್ಟಿದಾನೆ, ಕಳ್ಳ ನನ್ಮಗ. ಎಂಜಿನ್ ಕಟ್ಟೋವಾಗ ಜೊತೆಗಿದ್ದ ನನಗೂ ಹೇಳಿಲ್ಲ ನೋಡು."

"ಅಲ್ಲಿ ಕೈಹಾಕಿ ಸವರ್ತಿದ್ದ," ಎಂದಳು ಆರ್ಡಿತ್. "ಹತ್ತಿದಾಗೆಲ್ಲ. ಗಾಡಿ ಮೇಲಿನ ಪ್ರೀತಿ ಅಂದ್ಕೊಂಡಿದ್ದೆ ನಾನು."

"ಪ್ರೀತಿಯಂತೆ. ಟ್ರೆಂಟನ ಭಯ," ಎಂದ ಮೆರ್ಲ್.

ಆರ್ಡಿತಳಿಗೆ ನಗು ಉಕ್ಕಿತು. ಗಂಡ ಹೋದ ಮೇಲೆ ಮೊದಲ ಸಲ, ಏಪ್ರನ್ನಿನ ಅಂಚು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಟಕ್ ಎಂದು ಸ್ವಿಚ್ಚಿನ ಸದ್ದಾಯಿತು. ಮೆರ್ಲ್ ಕೀಲಿ ತಿರುಗಿಸಿದ.

ಡಾರ್ಟ್ ಗುಡುಗಿತು. ಶೆಲ್ಫಿನ ಮೇಲಿನ ಮೊಳೆ ಡಬ್ಬಗಳು ಕುಣಿದವು, ಪಕ್ಕದ ಮನೆಯ ನಾಯಿ ಬೊಗಳಿತು. ಟ್ರೆಂಟ್ ಸೂಟಿನ ಘನತೆ ಮರೆತು ಕೈ ಮೇಲೆತ್ತಿ ಕೂಗಿದ. ಡಾರ್ಲಾ ಬಾಗಿಲು ಬಿಟ್ಟು ಒಳಗೆ ಬಂದಳು. ಅಪ್ಪ ಭಾನುವಾರದ ಕೋಟು ಹಾಕಿಕೊಂಡು ಹೊರಟ ಸದ್ದು ಅದು.

"ಸರಿ, ನಿನ್ನಿಷ್ಟ," ಎಂದಳು ಅವಳು ಅಮ್ಮನಿಗೆ.

ಆರ್ಡಿತ್ ಮಾರಿಸೊಲ್‌ಳ ಮುಂದೆ ಹೋಗಿ ನಿಂತಳು. "ಟ್ರೇಲರ್ ತಂದಿದೀಯಾ?"

"ಬಸ್ಸಲ್ಲಿ ಬಂದೆ. ವಾಪಸ್ ಹೋಗೋಕೆ ಟಿಕೆಟೂ ತಗೊಂಡಿಲ್ಲ."

"ತಗೊಂಡು ಏನ್ಮಾಡ್ತೀಯ ಇದನ್ನ?"

"ಬೇಕರಿ ಕೆಲಸಕ್ಕೆ ಹೋಗ್ತೀನಿ. ಭಾನುವಾರ ಕೆರೆ ಕಡೆ. ಗಾಡೀಲಿ ಇನ್ನೇನು ಮಾಡ್ತಾರೆ?"

ಆರ್ಡಿತ್ ಏಪ್ರನ್ನಿನ ಗಂಟು ಬಿಚ್ಚಿದಳು. "ಹಾಗಾದ್ರೆ ಹೆಣದ ಗಾಡಿ ಹಿಂದೆ ನೀನೇ ಓಡಿಸು. ನಿಲ್ಲದೆ ಸ್ಮಶಾನ ಮುಟ್ಟಿಸಿದ್ರೆ, ವರ್ಜಿಲ್ ಹೇಳಿದ್ದ ಬೆಲೆಗೇ ನಿಂದು."

*

ಚರ್ಚಿನ ಪ್ರಾರ್ಥನೆ ಮುಗಿದು ಮೆರವಣಿಗೆ ಹೊರಟಾಗ ಬಿಸಿಲು ಏರಿತ್ತು. ಮುಂದೆ ಟ್ರೆಂಟನ ಉದ್ದನೆಯ ಕಪ್ಪು ಗಾಡಿ, ಅದರ ಹಿಂದೆ ನೆತ್ತಿಯ ಮೇಲೆ ನೇರಳೆ ಬಾವುಟ ಹೊತ್ತ ಹಳದಿ ಡಾರ್ಟ್. ಉಳಿದವರು ದೀಪ ಹಾಕಿಕೊಂಡು ಸಾಲಾಗಿ ಹಿಂಬಾಲಿಸಿದರು. ಆರ್ಡಿತ್ ಎಂದಿನ ಜಾಗದಲ್ಲೇ ಕುಳಿತಿದ್ದಳು, ಮಾರಿಸೊಲ್‌ಳ ಪಕ್ಕದಲ್ಲಿ.

ಎದುರಿನಿಂದ ಬಂದ ಹಾಲಿನ ಟ್ಯಾಂಕರ್ ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಅದರ ಹಿಂದಿನ ಕಾರೂ ನಿಂತಿತು. ಟ್ರ್ಯಾಕ್ಟರಿನ ಮೇಲಿದ್ದ ಮುದುಕನೊಬ್ಬ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಇವ್ರೆಲ್ಲ ನಿಮ್ಮವರಾ?" ಎಂದು ಮಾರಿಸೊಲ್ ಕೇಳಿದಳು.

"ಯಾರೋ ಏನೋ. ಬಾವುಟ ಕಂಡ್ರೆ ನಿಲ್ಲಿಸ್ತಾರೆ."

"ನಮ್ಮಲ್ಲಿ ಆಂಬುಲೆನ್ಸಿಗೇ ದಾರಿ ಬಿಡಲ್ಲ." ಅಷ್ಟರಲ್ಲಿ ಮಾರಿಸೊಲ್ ಡ್ಯಾಶ್‌ಬೋರ್ಡಿನ ಕಡೆ ಬಗ್ಗಿದಳು. "ಕಾವಿನ ಮುಳ್ಳು ಏರ್ತಿದೆ ನೋಡಿ. ನಿಧಾನ ಹೋದ್ರೆ ಇದಕ್ಕೆ ಕಾವೇರುತ್ತೆ ಅಂದಿದ್ರು. ಹೀಟರ್ ಹಾಕ್ಬೇಕಂತೆ, ಎಂಜಿನ್ ಕಾವು ಒಳಗಡೆ ಬಂದುಬಿಡುತ್ತಂತೆ."

ಜೂನ್ ತಿಂಗಳ ಬಿಸಿಲಲ್ಲಿ ಹೀಟರ್ ಹಾಕಿದರು. ಕಿಟಕಿಗಳನ್ನೆಲ್ಲ ಇಳಿಸಿದರೂ ಒಳಗೆ ರೊಟ್ಟಿ ಒಲೆಯ ಝಳ. ಆರ್ಡಿತಳ ಕೂದಲು ಕೆದರಿ, ಮುಖದ ಪೌಡರು ಇಳಿಯಿತು. ಬೆವರು ಯಾವುದು, ಕಣ್ಣೀರು ಯಾವುದು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ. ಮುಳ್ಳು ಕೆಂಪು ಗೆರೆಯ ಹತ್ತಿರ ನಡುಗಿತು. ಸ್ಮಶಾನದ ದಿಬ್ಬ ದೂರದಲ್ಲಿ ಕಾಣುತ್ತಿತ್ತು. ಇಲ್ಲಿ ನಿಂತರೆ ಮುಗಿಯಿತು. ಟೊಲೀಡೊದವನು ರಸ್ತೆಯಿಂದಲೇ ಎತ್ತಿಕೊಂಡು ಹೋಗುತ್ತಾನೆ.

"ಇದು ಜೋರಾಗಿ ಹೋಗ್ಬೇಕು," ಎಂದಳು ಮಾರಿಸೊಲ್. "ಗಾಳಿ ಬೇಕು ಇದಕ್ಕೆ."

"ಹಾರ್ನ್ ಹೊಡಿ."

"ಹೆಣದ ಗಾಡಿಗಾ?"

"ಮುಂದಿರೋನು ಟ್ರೆಂಟು. ಹೊಡಿ ಅಂದೆ."

ಮಾರಿಸೊಲ್ ಹಾರ್ನ್ ಒತ್ತಿದಳು. ಮುಂದಿನ ಗಾಡಿಯ ಕನ್ನಡಿಯಲ್ಲಿ ಟ್ರೆಂಟನ ಗಾಬರಿಬಿದ್ದ ಮುಖ ಕಂಡಿತು. ಆರ್ಡಿತ್ ಕಿಟಕಿಯಿಂದ ಕೈ ಹೊರಗೆ ಹಾಕಿ, ನಡಿ, ನಡಿ ಎಂದು ಬೀಸಿದಳು. ಕಪ್ಪು ಗಾಡಿ ಒಮ್ಮೆ ಹಿಂಜರಿದು, ಮುಂದಕ್ಕೆ ಚಿಮ್ಮಿತು. ಡಾರ್ಟ್ ಅದರ ಬೆನ್ನಿಗೆ ಬಿತ್ತು. ಹಿಂದಿದ್ದವರು ಏನಾಯಿತೆಂದು ತಿಳಿಯದೆ ತಾವೂ ವೇಗ ಹೆಚ್ಚಿಸಿದರು. ಬಾವುಟಗಳು ಪಟಪಟ ಬಡಿದುಕೊಂಡವು. ತುಂಬಿದ ಬಸ್ಸನ್ನು ಇಡೀ ಜೀವಮಾನ ಹಸುವಿನ ನಡಿಗೆಯಲ್ಲಿ ನಡೆಸಿದ ವರ್ಜಿಲ್, ಅದೇ ಬಸ್ಸಿನ ಮಕ್ಕಳನ್ನೆಲ್ಲ ಬೆನ್ನ ಹಿಂದೆ ಕಟ್ಟಿಕೊಂಡು ತನ್ನ ಗುಂಡಿಯ ಕಡೆಗೆ ಹಾರುತ್ತ ಹೋದ. ಮುಳ್ಳು ಇಳಿಯಿತು. ಆರ್ಡಿತ್ ತಲೆಯ ಮೇಲೆ ಕೈಯಿಟ್ಟುಕೊಂಡು ಟೋಪಿ ಹಿಡಿಯಲು ನೋಡಿದಳು. ಅವತ್ತು ಅವಳು ಟೋಪಿಯನ್ನೇ ಹಾಕಿರಲಿಲ್ಲ.

*

ಮಣ್ಣು ಮುಗಿದ ಮೇಲೆ ಜನ ಊಟಕ್ಕೆಂದು ಚರ್ಚಿನ ಕಡೆ ಹೊರಟರು. ಟ್ರೆಂಟ್ ಬಾವುಟಗಳನ್ನು ಕೀಳುತ್ತಿದ್ದ. ಜೋಳದ ಹೊಲದ ಕತೆ ಅಷ್ಟರಲ್ಲಿ ಎಲ್ಲರಿಗೂ ತಲುಪಿ, ಹೆಜ್ಜೆಗೊಬ್ಬರು ಅವನನ್ನು ನಿಲ್ಲಿಸಿ ಕಾಡುತ್ತಿದ್ದರು. ಆರ್ಡಿತ್ ಮಾರಿಸೊಲ್‌ಳ ಕೈಗೆ ಕೀಲಿ ಕೊಟ್ಟಳು, ಕಾಗದದಲ್ಲಿ ಸುತ್ತಿದ ಹ್ಯಾಮ್ ಸ್ಯಾಂಡ್‌ವಿಚ್ಚುಗಳನ್ನೂ ಕೊಟ್ಟಳು.

"ಎರಡನೇ ಗೇರು ಹಠ ಮಾಡುತ್ತೆ," ಎಂದಳು.

"ಗೊತ್ತು. ಬೈದ್ರೆ ಬೀಳುತ್ತಂತೆ."

ಇಬ್ಬರೂ ತಬ್ಬಿಕೊಂಡರು. ಆರ್ಡಿತ್ ಡಾರ್ಟಿನ ಬಿಸಿ ಬಾನೆಟ್ಟನ್ನು ಒಮ್ಮೆ ಸವರಿದಳು. ಅಲ್ಲಿ ಯಾವ ಸ್ವಿಚ್ಚೂ ಇರಲಿಲ್ಲ.

ಗಾಡಿ ದಿಬ್ಬವಿಳಿದು ರಸ್ತೆಗೆ ಸೇರಿದ ಮೇಲೆ ಮೆರ್ಲ್ ಹೌಹಾರಿದ. "ಬಾವುಟ. ಅದರ ಮೇಲಿಂದ ಬಾವುಟ ತೆಗೀಲೇ ಇಲ್ಲ ಈ ಟ್ರೆಂಟು." ಕೂಗಲು ಕೈಯೆತ್ತಿದ. ಆರ್ಡಿತ್ ಅವನ ತೋಳು ಹಿಡಿದಳು.

"ಬಿಡು."

ಕೆಳಗೆ ನೇರವಾದ ರಸ್ತೆಯಲ್ಲಿ ಡಾರ್ಟ್ ಒಂಟಿಯಾಗಿ ಹೋಗುತ್ತಿತ್ತು. ಎದುರಿನಿಂದ ಬಂದ ಕಾರೊಂದು ರಸ್ತೆ ಬಿಟ್ಟು ನಿಂತಿತು. ಅದರ ಹಿಂದಿನ ಗೊಬ್ಬರದ ಲಾರಿಯೂ ನಿಂತಿತು. ಎಲ್ಲಕ್ಕಿಂತ ಹಿಂದೆ, ಉದ್ದನೆಯ ಖಾಲಿ ಟ್ರೇಲರ್ ಎಳೆದುಕೊಂಡು ಬರುತ್ತಿದ್ದ ಟೊಲೀಡೊದ ಗಾಡಿಯೂ ಬದಿಗೆ ಸರಿಯಿತು. ವ್ಯಾಪಾರಿ ಕೆಳಗಿಳಿದು ಟೋಪಿ ತೆಗೆದು, ತಲೆ ಬಾಗಿಸಿ ನಿಂತ. ಹಳದಿ ಡಾರ್ಟ್ ಒಮ್ಮೆ ಹಾರ್ನ್ ಹೊಡೆದು, ಎರಡನೇ ಗೇರಿನಲ್ಲಿ ಗುಡುಗಿ, ಅವನನ್ನು ದಾಟಿ ಹೋಯಿತು.