ಬೀಗರ ಫೋನೇ ಆಗಬೇಕು

ಗಿರಣಿ ಯಜಮಾನರ ಕಿವಿ ಒಂದೇ ದಿನದಲ್ಲಿ ಕೈಕೊಟ್ಟದ್ದಲ್ಲ. ಜೀವಮಾನವಿಡೀ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತು, ಬೆಲ್ಟಿನ ಪಟಪಟ, ಕಲ್ಲಿನ ಗುರುಗುರು, ಇವೆರಡರ ಮೇಲೆ ಕೂಗಿ ಕೂಗಿಯೇ ಮಾತಾಡಿದ ಮನುಷ್ಯ. ಗಿರಣಿ ಮಾರಿ ಮನೆಯಲ್ಲಿ ಕೂತರೂ ಗಂಟಲು ಮಾತ್ರ ಅಲ್ಲೇ ಉಳಿದಿತ್ತು. ನನ್ನ ಕನ್ನಡಕ ಎಲ್ಲಿ ಎಂದು ಅವರು ಹೆಂಡತಿಯನ್ನು ಕೇಳಿದರೆ ಎದುರು ಮನೆಯವರು ಹುಡುಕಲು ಶುರುಮಾಡುತ್ತಿದ್ದರು. ತಮಗೆ ಕಿವಿ ಕೇಳುವುದಿಲ್ಲ ಎಂದು ಒಪ್ಪಿಕೊಳ್ಳಲು ಮಾತ್ರ ಸುತರಾಂ ತಯಾರಿರಲಿಲ್ಲ. ಈಗಿನ ಜನಕ್ಕೆ ಬಾಯಿಬಿಟ್ಟು ಮಾತಾಡುವುದೇ ಮರೆತುಹೋಗಿದೆ ಎಂಬುದು ಅವರ ವಾದ.

ಆ ವಾದ ಮುರಿದವಳು ಮೊಮ್ಮಗಳು. ಮಗಳ ಮಗಳು, ಮೂರನೇ ಕ್ಲಾಸು, ಪಿಸುಗುಟ್ಟಿದಂಥ ದನಿ. ಶಾಲೆ ಬಿಟ್ಟವಳು ನೇರ ತಾತನ ಮನೆಗೆ ಬಂದು, ಅವರ ತೊಡೆಗೆ ಒರಗಿಕೊಂಡು, ದಿನದ ವರದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ತಾತ "ಹೌದಾ?", "ಭೇಷ್!" ಎಂದು ತಲೆಯಾಡಿಸುತ್ತಿದ್ದರು. ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ಆ ಪುಟ್ಟ ಮುಖ ನೋಡುತ್ತ ಕೂರುವುದೇ ಅವರಿಗೆ ದೊಡ್ಡ ಸಂತೋಷವಾಗಿತ್ತು. ಒಂದು ಸಂಜೆ ಅವಳು ಏನೋ ಹೇಳಿ ಸುಮ್ಮನಾದಳು. ತಾತ ರೂಢಿಯಂತೆ, "ಭೇಷ್! ತುಂಬಾ ಒಳ್ಳೇದಾಯ್ತು ಬಿಡು," ಎಂದರು. ಮಗು ಅವರ ಮುಖವನ್ನೇ ದಿಟ್ಟಿಸಿ ನೋಡಿ, ಎದ್ದು ಹೊರಟುಹೋಯಿತು. ಅವಳು ಹೇಳಿದ್ದು ತನ್ನ ಬೆಕ್ಕು ಸತ್ತ ಸುದ್ದಿ.

ಅಂದಿನಿಂದ ವರದಿ ನಿಂತಿತು. ಅವಳು ಬರುತ್ತಿದ್ದಳು, ಆಡುತ್ತಿದ್ದಳು, ತಾತನ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಳು. ಆದರೆ ಹೇಳುವುದನ್ನೆಲ್ಲ ಅಡುಗೆಮನೆಯಲ್ಲಿ ಅಜ್ಜಿಗೆ ಹೇಳಿ ಹೋಗುತ್ತಿದ್ದಳು. "ತಾತಂಗೆ ಕೇಳ್ಸಲ್ಲ. ಸುಮ್ನೆ ಕೇಳ್ಸಿದ ಹಾಗೆ ಮಾಡ್ತಾರೆ," ಎಂದಳಂತೆ. ಹೆಂಡತಿ ಈ ಮಾತನ್ನು ಯಜಮಾನರ ಕಿವಿಯ ಬಳಿ ಕೂಗಿ ಹೇಳಿದಾಗ ಅವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಆ ರಾತ್ರಿ ಊಟ ಸೇರಲಿಲ್ಲ. ಮರುದಿನವೇ ಕಿವಿ ಡಾಕ್ಟರ ಬಾಗಿಲಲ್ಲಿ ನಿಂತಿದ್ದರು.

ಕಿವಿಗೆ ಹಾಕುವ ಯಂತ್ರ ಕೈಗೆ ಬರಲು ಸ್ವಲ್ಪ ದಿನ ಹಿಡಿಯಿತು. ಬಂದದ್ದು ಸರಿಯಾಗಿ ಮೊಮ್ಮಗಳ ಶಾಲೆಯ ಕತೆ ಹೇಳುವ ಸ್ಪರ್ಧೆಯ ಹಿಂದಿನ ದಿನ. ಕ್ಲಿನಿಕ್ಕಿನ ಹುಡುಗಿ ಕಿವಿಗೊಂದರಂತೆ ಸಿಕ್ಕಿಸಿದಾಗ ಫ್ಯಾನಿನ ಸದ್ದು, ಕುರ್ಚಿಯ ಕಿರಕಿರ, ಹೊರಗಿನ ಹಾರನ್ನು ಎಲ್ಲ ಒಟ್ಟಿಗೇ ನುಗ್ಗಿ ಯಜಮಾನರ ತಲೆ ಚಿಟ್ಟುಹಿಡಿಯಿತು.

"ಮನೇಲಿ ಅಭ್ಯಾಸ ಆಗುತ್ತೆ ಸರ್," ಎಂದಳು ಹುಡುಗಿ. "ಆದ್ರೆ ದೊಡ್ಡ ಹಾಲ್‌ನಲ್ಲಿ ಕಷ್ಟ. ಅಲ್ಲಿ ಇದನ್ನ ನಿಮ್ಮ ಫೋನಿಗೆ ಜೋಡಿಸ್ಕೊಳ್ಳಿ. ಯಾರು ಮಾತಾಡ್ತಾರೋ ಅವರ ಹತ್ರ ಫೋನ್ ಇಟ್ರೆ, ಅವರ ದನಿ ಮಾತ್ರ ನೇರ ನಿಮ್ಮ ಕಿವಿಗೆ ಬರುತ್ತೆ. ಹತ್ತಿರದಲ್ಲಿ ಕೂತಿರ್ಬೇಕು ಅಷ್ಟೆ. ಯಾವ ಕಂಪನಿ ಫೋನು ನಿಮ್ದು?"

"ಕಂಪನಿ ಯಾವುದಾದ್ರೇನಮ್ಮ? ಆಂಡ್ರಾಯ್ಡು. ಎಲ್ಲಾ ಒಂದೇ!"

ಹುಡುಗಿ ನಕ್ಕಳು. "ಹೆಸರು ಒಂದೇ ಸರ್. ಮನೆಗೆ ಹೋಗಿ ನೋಡಿ."

ಎಲ್ಲಾ ಒಂದೇ! ಈ ಮಾತಿಗೆ ಒಂದು ಇತಿಹಾಸವಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಗಳ ಮಾವ ನಿವೃತ್ತ ಮೇಷ್ಟ್ರು. ಒಂದು ಭಾನುವಾರ ಮಗಳ ಮನೆಯ ಊಟದ ಮೇಜಿನಲ್ಲಿ ಯಜಮಾನರ ಫೋನಿನ ಅಕ್ಷರ ದೊಡ್ಡದು ಮಾಡಿಕೊಡುತ್ತೇನೆಂದು ಹೊರಟರು. ತಮ್ಮ ಫೋನಿನಲ್ಲಿ ಎಲ್ಲೆಲ್ಲಿ ಒತ್ತುತ್ತಿದ್ದರೋ ಇಲ್ಲೂ ಅಲ್ಲಲ್ಲೇ ಒತ್ತಿದರು. ಅಕ್ಷರ ದೊಡ್ಡದಾಗಲಿಲ್ಲ, ಫೋನು ಪೂರ್ತಿ ಕಪ್ಪು ಬಿಳುಪಾಯಿತು. ಇದು ನಿಮ್ಮ ಕಂಪನಿಯವನ ಕಿತಾಪತಿ, ಒಬ್ಬೊಬ್ಬ ಒಂದೊಂದನ್ನು ಒಂದೊಂದು ಕಡೆ ಬಚ್ಚಿಟ್ಟಿರುತ್ತಾನೆ, ಎಂದರು ಮೇಷ್ಟ್ರು. ನಿಮಗೆ ಬರುವುದಿಲ್ಲ ಅನ್ನಿ, ಒಳಗಿರುವುದು ಒಂದೇ ಸರಕು, ಚೀಲ ಬೇರೆ ಅಷ್ಟೆ, ಎಂದರು ಯಜಮಾನರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮೇಷ್ಟ್ರು ಆಡಬಾರದ ಮಾತು ಆಡಿಬಿಟ್ಟರು: "ಗೋಧಿ ಒಂದೇ ಆದ್ರೆ ಹಿಟ್ಟೂ ಒಂದೇನಾ ಬೀಗರೇ? ಹಾಗಾದ್ರೆ ನಿಮ್ಮ ಗಿರಣಿ ಹಿಟ್ಟು ಮಾತ್ರ ಯಾಕೆ ಯಾವಾಗ್ಲೂ ಸ್ವಲ್ಪ ದಪ್ಪ ಇರ್ತಿತ್ತು?"

ಅವತ್ತು ಅರ್ಧ ಊಟದಲ್ಲಿ ಎದ್ದ ಯಜಮಾನರು ಆಮೇಲೆ ಬೀಗರ ಹತ್ತಿರ ಮಾತಾಡಿದ್ದಿಲ್ಲ. ಎದುರಾದರೆ ಇಬ್ಬರೂ ಆಕಾಶ ನೋಡಿಕೊಂಡು ಹೋಗುವಷ್ಟು ಎಣ್ಣೆ ಸೀಗೆಕಾಯಿ.

ಸ್ಪರ್ಧೆಯ ದಿನ ಬೆಳಿಗ್ಗೆ ಮನೆಮಂದಿಯೆಲ್ಲ ನಡುಮನೆಯಲ್ಲಿ ಸೇರಿದರು. ಮಗಳು, ಅಳಿಯ ಇಬ್ಬರೂ ರಜೆ ಹಾಕಿ ಬಂದಿದ್ದರು. ಮೊದಲು ಯಜಮಾನರ ಸ್ವಂತ ಫೋನು. ಅದು ಕಿವಿಯ ಯಂತ್ರವನ್ನು ಕಂಡ ಲಕ್ಷಣವನ್ನೇ ತೋರಿಸಲಿಲ್ಲ. "ಈ ಕಂಪನಿಯವರು ಆ ಸೌಲಭ್ಯ ಹಾಕೇ ಇಲ್ಲ ಮಾವ," ಎಂದ ಅಳಿಯ ಮೆಲ್ಲಗೆ. ಹೆಂಡತಿಯ ಫೋನು ಪಾಪ ಒಳ್ಳೆಯದು, ತಕ್ಷಣ ಗುರುತು ಹಿಡಿಯಿತು, ಆದರೆ ಎಡಗಿವಿಗೆ ಮಾತ್ರ. ಬಲಗಿವಿಗೆ ಜೋಡಿಸಿದರೆ ಎಡ ಬಿಟ್ಟುಕೊಳ್ಳುತ್ತಿತ್ತು. ಮಗಳ ಫೋನಿನಲ್ಲಿ ಎರಡೂ ಕಿವಿ ಕೂತವು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ದನಿ ನಿಂತಿತು. ಬ್ಯಾಟರಿ ಉಳಿಸುವ ಉತ್ಸಾಹದಲ್ಲಿ ಆ ಫೋನು, ಯಾರೂ ಮುಟ್ಟದಿದ್ದರೆ ಒಳಗಿನ ಆ್ಯಪನ್ನು ತಾನೇ ಮಲಗಿಸಿಬಿಡುತ್ತಿತ್ತು. ಮಗಳು ಮೂಲೆಮೂಲೆಗೆಲ್ಲ ಬೆರಳಿಟ್ಟು ಹುಡುಕಿದರೂ ಅದನ್ನು ನಿಲ್ಲಿಸುವ ಗುಂಡಿ ಸಿಗಲಿಲ್ಲ. ಉಳಿದದ್ದು ಅಳಿಯನ ಹೊಚ್ಚಹೊಸ ಫೋನು, ಎಲ್ಲಕ್ಕಿಂತ ದುಬಾರಿ. ಅದು ಮಾತ್ರ ಬಹಳ ಮರ್ಯಾದೆಯಿಂದ, ಈ ಸೌಲಭ್ಯ ಮುಂದಿನ ಅಪ್‌ಡೇಟಿನಲ್ಲಿ ಬರಲಿದೆ ಎಂದು ತಿಳಿಸಿತು.

"ಎಲ್ಲದರ ಮೇಲೂ ಒಂದೇ ಹೆಸರು ಬರ್ಕೊಂಡಿದಾರಲ್ಲೋ!" ಎಂದು ಯಜಮಾನರು ಗುಡುಗಿದರು. ಎದುರು ಮನೆಯ ಕಿಟಕಿ ತೆರೆಯಿತು.

ಅಳಿಯ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದ. ಅವನ ಮನಸ್ಸಿನಲ್ಲಿರುವುದು ಅತ್ತೆಗೆ ಗೊತ್ತಾಯಿತು.

"ಹೇಳಪ್ಪ, ಪರವಾಗಿಲ್ಲ."

"ಕ್ಲಿನಿಕ್‌ನವರು ಕೊಟ್ಟ ಕಾಗದದಲ್ಲಿ ಒಂದು ಹಳೇ ಮಾಡೆಲ್ಲು ಇದೆ. ಅದ್ರಲ್ಲಿ ಪಕ್ಕಾ ಆಗುತ್ತಂತೆ. ಅದು..." ಅವನು ಉಗುಳು ನುಂಗಿಕೊಂಡ. "ಅದು ನಮ್ಮಪ್ಪನ ಹತ್ರ ಇದೆ."

ಯಜಮಾನರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಆ ಮನುಷ್ಯನ ಮುಂದೆ ಕೈಚಾಚುವುದೇ? ಅದೂ ಇದೇ ವಿಷಯಕ್ಕೆ? ಆಮೇಲೆ ಮಗುವಿನ ಆ ನೋಟ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡರು.

ಮೇಷ್ಟ್ರು ವರಾಂಡದಲ್ಲಿ ಪೇಪರು ಓದುತ್ತಿದ್ದರು. ಬೀಗರು ಗೇಟು ತೆಗೆದದ್ದು ಕಂಡು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದರು. ಯಜಮಾನರು ವಿಷಯವನ್ನೆಲ್ಲ ಹೇಳಿದರು, ಬೆಕ್ಕಿನದೂ ಸೇರಿ. ಪೇಪರು ನಿಧಾನವಾಗಿ ಕೆಳಗಿಳಿಯಿತು. ಮೇಷ್ಟ್ರ ಕಣ್ಣಲ್ಲಿ ಮೊದಲು ಬಂದದ್ದು ಮರುಕವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪಾಠ ಮಾಡಿದ ಜೀವ, ತಪ್ಪು ಉತ್ತರವನ್ನು ತಿದ್ದದೆ ಬಿಡುವುದು ಹೇಗೆ?

"ಫೋನು ತಗೊಂಡು ಹೋಗಿ ಬೀಗರೇ, ಅದಕ್ಕೇನಂತೆ. ನಮ್ಮಿಬ್ಬರ ಮೊಮ್ಮಗಳು ತಾನೆ. ಒಂದು ಮಾತು ಹೇಳ್ಬಿಡಿ, ಸಾಕು. ಎಲ್ಲಾ ಫೋನು ಒಂದೇನಾ?"

"ಒಂದೇ ಅಲ್ಲ," ಎಂದರು ಯಜಮಾನರು. ಗಿರಣಿ ಬಿಟ್ಟ ಮೇಲೆ ಇಷ್ಟು ಮೆಲ್ಲಗೆ ಅವರು ಮಾತಾಡಿದ್ದು ಇದೇ ಮೊದಲು.

"ಏನಂದ್ರಿ? ಕೇಳಿಸ್ಲಿಲ್ಲ."

"ಒಂದೇ ಅಲ್ಲ! ಒಬ್ಬೊಬ್ಬ ಕಂಪನಿಯವನದು ಒಂದೊಂದು ಥರ! ನೀವು ಹೇಳಿದ್ದೇ ಸರಿ! ಸಾಕಾ?"

ಬೀದಿಯ ಎರಡೂ ಬದಿಯ ಮನೆಗಳವರಿಗೆ ವಿಷಯ ಇತ್ಯರ್ಥವಾಯಿತು. ಮೇಷ್ಟ್ರು ಬಹಳ ದಿನಗಳ ಮೇಲೆ ಮನಸಾರೆ ನಕ್ಕರು. ಫೋನು ತಂದು, ಕಿವಿಯ ಯಂತ್ರಕ್ಕೆ ಜೋಡಿಸಿದರು. ಎರಡು ಕಿವಿಯಲ್ಲೂ ಒಟ್ಟಿಗೇ ಸಣ್ಣ ಗಂಟೆ ಬಾರಿಸಿದ ಸದ್ದಾಯಿತು, ಅದರ ಹಿಂದೆಯೇ ಬೀಗರ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು. ಯಜಮಾನರ ಎದೆ ಹಗುರಾಯಿತು. ಕೆಮ್ಮು ಇಷ್ಟು ಇಂಪಾಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಬ್ಬಿಣದ ಕುರ್ಚಿಗಳ ಎಳೆದಾಟ, ಅಮ್ಮಂದಿರ ಮಾತು, ಯಾವುದೋ ಕೂಸಿನ ಅಳು. ಇಬ್ಬರು ಬೀಗರೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತರು. ವೇದಿಕೆಯ ಪಕ್ಕದಲ್ಲಿ ಮಗಳು ಫೋನನ್ನು ಮಗುವಿನ ಫ್ರಾಕಿನ ಜೇಬಿಗೆ ಹಾಕಿ, "ನೀನು ಹೇಳೋದೆಲ್ಲ ತಾತಂಗೆ ಕೇಳಿಸುತ್ತೆ ಕಣೇ," ಎಂದಳು. ಮಗು ಜೇಬು ಮುಟ್ಟಿ ನೋಡಿಕೊಂಡು, ತಾತನ ಕಡೆ ಒಂದು ನೋಟ ಬೀರಿತು. ನಂಬಿದ ನೋಟವಲ್ಲ ಅದು. ದೊಡ್ಡವರು ಇಂಥದ್ದು ಬೇಕಾದಷ್ಟು ಹೇಳುತ್ತಾರೆ.

ಅವಳ ಸರದಿ ಬಂತು. ಮೈಕು ಅವಳ ಮೂಗಿಗಿಂತ ಎತ್ತರದಲ್ಲಿತ್ತು, ಟೀಚರು ಬಗ್ಗಿಸಿಕೊಟ್ಟರು. ಕತೆ ನೆರಳು ಕಳೆದುಕೊಂಡ ಒಂದು ಕತ್ತೆಯದು. ಹಿಂದಿನ ಸಾಲಿನವರು ಅರ್ಧ ಕೇಳಿಸದೆ ಕತ್ತು ಉದ್ದ ಮಾಡಿದರು. ಯಜಮಾನರಿಗೆ ಮಾತ್ರ ಆ ಸಣ್ಣ ದನಿ ತಮ್ಮ ತೊಡೆಯ ಮೇಲೆ ಕೂತು ಹೇಳಿದಷ್ಟು ಹತ್ತಿರದಿಂದ ಬರುತ್ತಿತ್ತು. ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಇವಳ ದನಿ ಹೀಗಿದೆಯೇ, ಇಷ್ಟು ದಿನ ಇದನ್ನೇ ಕಳೆದುಕೊಂಡು ಕೂತಿದ್ದೆನೇ ಎಂದು ಅವರು ಕುರ್ಚಿಯ ಅಂಚಿಗೆ ಸರಿದು ಕೂತರು.

ಕತ್ತೆ ಊರೆಲ್ಲ ಸುತ್ತಿ, ಬಾವಿಯ ಕಟ್ಟೆಯ ಬಳಿಗೆ ಬಂದು, ಬಗ್ಗಿ ನೋಡಿತು. ಅಲ್ಲಿಗೆ ಮಗು ನಿಂತಿತು.

ಸಭೆ ಕಾಯಿತು. ಟೀಚರು ಪರದೆಯ ಮರೆಯಿಂದ ಕೈಸನ್ನೆ ಮಾಡಿದರು. ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. "ಮರ್ತುಬಿಟ್ಲು, ಛೇ," ಎಂದರು ಮೇಷ್ಟ್ರು. ಮಗು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿತು. ತುಟಿ ಅಲ್ಲಾಡಿದ್ದು ಎಲ್ಲರಿಗೂ ಕಂಡಿತು, ಏನೆಂದಳೋ ಯಾರಿಗೂ ಕೇಳಿಸಲಿಲ್ಲ.

ಒಬ್ಬರಿಗೆ ಕೇಳಿಸಿತು.

"ತಾತ," ಎಂದಿತ್ತು ಆ ಪಿಸುದನಿ. "ಕತ್ತೆ ಹೇಗೆ ಕೂಗ್ತು?"

ಗಿರಣಿ ಯಜಮಾನರು ಎದ್ದು ನಿಂತರು. ಎದೆ ತುಂಬ ಉಸಿರು ತೆಗೆದುಕೊಂಡರು. ಬೆಲ್ಟು, ಕಲ್ಲು ಎರಡನ್ನೂ ಜಯಿಸಿದ್ದ ಆ ಗಂಟಲಿನಿಂದ ಎಂಥ ಕತ್ತೆಯ ಕೂಗು ಹೊರಟಿತೆಂದರೆ ಕಿಟಕಿಯ ಗಾಜು ನಡುಗಿತು, ಅಳುತ್ತಿದ್ದ ಕೂಸು ಬೆಚ್ಚಿ ಅಳು ನಿಲ್ಲಿಸಿತು. ಮೇಷ್ಟ್ರು ಅವರ ಅಂಗಿ ಹಿಡಿದು ಜಗ್ಗಿದರು. "ಬೀಗರೇ! ಕೂತ್ಕೊಳ್ಳಿ! ಯಂತ್ರ ತಲೆಗೆ ಏನಾದ್ರೂ ಮಾಡ್ತಾ?"

ಅಷ್ಟರಲ್ಲಿ ವೇದಿಕೆಯ ಮೇಲೆ ಮಗುವಿನ ಮುಖ ಅರಳಿತು. ಅವಳು ಮೈಕಿನ ಹತ್ತಿರ ಬಂದು, ಹಿಂದಿನ ಸಾಲಿಗೂ ಕೇಳಿಸುವಂತೆ, "ಹೀಗೆ ಕೂಗ್ತು!" ಎಂದಳು. ಸಭೆಯೆಲ್ಲ ನಕ್ಕು ನಕ್ಕು ಸುಸ್ತಾಯಿತು. ಉಳಿದ ಕತೆಯನ್ನು ಅವಳು ಒಂದು ಕಡೆಯೂ ತಡೆಯದೆ, ಮುಂದಿನ ಸಾಲಿನ ಒಂದೇ ಕುರ್ಚಿಯ ಕಡೆ ನೋಡಿಕೊಂಡು ಹೇಳಿ ಮುಗಿಸಿದಳು.

ಬಹುಮಾನ ಬರಲಿಲ್ಲ. ಸಭಿಕರ ಸಹಾಯ ಪಡೆಯುವುದು ನಿಯಮಕ್ಕೆ ವಿರುದ್ಧವಂತೆ. ಮೇಷ್ಟ್ರು ತೀರ್ಪುಗಾರರ ಬಳಿ ಹೋಗಿ ವಾದಿಸಿ, ಸೋತು ಬಂದರು. ಶಾಲೆಯ ಕಾರಿಡಾರಿನ ಜನಜಂಗುಳಿಯಲ್ಲಿ ಮಗು ಅಮ್ಮನ ಕೈ ಹಿಡಿದು ಮುಂದೆ ಹೋಗುತ್ತಿತ್ತು, ಬೀಗರಿಬ್ಬರೂ ಹಿಂದೆ. ಮೇಷ್ಟ್ರು ಹಳೆಯ ಮಾಡೆಲ್ಲಿನ ಗುಣಗಾನ ಮಾಡುತ್ತಿದ್ದರು. ಯಜಮಾನರಿಗೆ ಅದೊಂದೂ ತಲುಪುತ್ತಿರಲಿಲ್ಲ. ಫೋನಿನ್ನೂ ಮಗುವಿನ ಜೇಬಿನಲ್ಲೇ ಇತ್ತು.

"ತಾತ," ಎಂದಿತು ಕಿವಿಯೊಳಗಿನ ದನಿ. ಮಗು ತಿರುಗಿ ನೋಡಲಿಲ್ಲ. "ನಾನು ಮರ್ತಿರ್ಲಿಲ್ಲ. ನಿಂಗೆ ನಿಜವಾಗ್ಲೂ ಕೇಳಿಸುತ್ತಾ ಅಂತ ನೋಡ್ದೆ. ಭೇಷ್ ಅಂದಿದ್ರೆ ಗೊತ್ತಾಗ್ಬಿಡ್ತಿತ್ತು. ಅಮ್ಮಂಗೆ ಹೇಳ್ಬೇಡ."

ಯಜಮಾನರು ನಡೆಯುವುದನ್ನು ನಿಲ್ಲಿಸಿದರು. ಬಹುಮಾನವನ್ನೇ ಬಿಟ್ಟುಕೊಟ್ಟು ಈ ಮಗು ತಮ್ಮನ್ನು ಪರೀಕ್ಷೆ ಮಾಡಿತ್ತು. ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು. ಕಣ್ಣು ತುಂಬಿ ಕಾರಿಡಾರು ಮಂಜಾಯಿತು.

ಆಗಲೇ ದನಿ ಮತ್ತೆ ಶುರುವಾಗಿತ್ತು. ನಿಂತುಹೋಗಿದ್ದ ವರದಿಗಳೆಲ್ಲ ಒಂದರ ಹಿಂದೊಂದು: ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು, ಬೆಕ್ಕನ್ನು ಅಪ್ಪ ಎಲ್ಲಿ ಹೂಳಿದ, ಅದರ ಮೇಲೆ ತಾನು ಯಾವ ಕಲ್ಲು ಇಟ್ಟಳು. ಗೇಟಿನ ಬಳಿ ಮೇಷ್ಟ್ರು ಅವರ ತೋಳು ತಟ್ಟಿ, ಫೋನು ವಾಪಸು ಬೇಕೆಂದು ಕೈಸನ್ನೆ ಮಾಡಿದರು.

ಯಜಮಾನರು ಬೀಗರ ಆ ಕೈಯನ್ನೇ ಎರಡೂ ಕೈಯಿಂದ ಹಿಡಿದುಕೊಂಡರು. "ಸ್ವಲ್ಪ ತಡೀರಿ ಬೀಗರೇ," ಎಂದರು. "ಅವಳು ನನ್ನ ಹತ್ರ ಮಾತಾಡ್ತಿದಾಳೆ."